ನಾಯಿ ಗುರ್ ಅಂದರೆ ಗದರಬೇಡಿ

"ಡಾಕ್ಟ್ರೇ, ಮುಂದಿನ ವಾರ ಮಗು ಮನೆಗೆ ಬರ್ತಿದೆ. ನಾಯಿಗೆ ಏನಾದರೂ ಇಂಜೆಕ್ಷನ್ ಹಾಕಿಸಬೇಕಾ?"

ನಮ್ಮ ಕೊಡಗಿನ ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯಿಂದ ಇಂಥ ಫೋನ್ ಆಗಾಗ ಬರುತ್ತದೆ. ಇಂಜೆಕ್ಷನ್ ವಿಷಯಕ್ಕೆ ಆಮೇಲೆ ಬರುತ್ತೇನೆ. ನನಗೆ ಬೇಸರ ತರಿಸುವುದು ಆ 'ಮುಂದಿನ ವಾರ'. ನಮ್ಮಲ್ಲಿ ತಯಾರಿಗೆ ತಿಂಗಳುಗಟ್ಟಲೆ ಸಮಯ ಸಿಗುತ್ತದೆ. ಹೆರಿಗೆಗೆ ಮುಂಚೆಯೇ ಸೊಸೆ ತವರಿಗೆ ಹೋಗುತ್ತಾಳೆ, ಮಗುವಿಗೆ ಮೂರೋ ಐದೋ ತಿಂಗಳು ತುಂಬಿದ ಮೇಲೆ ಬರುತ್ತಾಳೆ. ಅಷ್ಟೂ ದಿನ ನಾಯಿ ಹಳೇ ಅಭ್ಯಾಸದಲ್ಲೇ ಇರುತ್ತದೆ. ಸೋಫಾ ಮೇಲೆ ನಿದ್ದೆ, ಬಂದವರ ಮೈಮೇಲೆ ಹಾರುವುದು, ಊಟದ ಹೊತ್ತಿಗೆ ಕಾಲ ಬಳಿ ಹಾಜರಿ. ಒಂದು ದಿನ ಕಾರು ಬಂದು ನಿಲ್ಲುತ್ತದೆ, ಅವತ್ತಿನಿಂದ ಎಲ್ಲದಕ್ಕೂ ಬೈಗುಳ.

ಆಸ್ಪತ್ರೆಯಿಂದ ಮಗುವಿನ ಬಟ್ಟೆ ತಂದು ನಾಯಿಗೆ ಮೂಸಿಸಿ ಎಂಬ ಸಲಹೆಯನ್ನು ನೀವೂ ಕೇಳಿರುತ್ತೀರಿ. ಮೂಸಿಸಿ, ತೊಂದರೆಯಿಲ್ಲ. ಆದರೆ ನಮ್ಮ ಮನೆಗಳಿಗೆ ಬರುವುದು ಮೂರು ದಿನದ ಕೂಸಲ್ಲ. ಮಗುಚುವ, ಕೈ ಚಾಚಿ ಕೂದಲು ಹಿಡಿಯುವ ಮಗು. ಇನ್ನೆರಡು ಮೂರು ತಿಂಗಳಲ್ಲಿ ಅಂಬೆಗಾಲಿಟ್ಟು ನಾಯಿಯ ಹಿಂದೆಯೇ ಹೊರಡುತ್ತದೆ. ಆದ್ದರಿಂದ ತವರಿನ ಆ ತಿಂಗಳುಗಳಲ್ಲೇ ಕೆಲಸ ಮುಗಿಸಬೇಕು. ನಾಯಿ ಇನ್ನು ಮುಂದೆ ಎಲ್ಲಿ ಮಲಗಬೇಕೋ ಅಲ್ಲಿ ಈಗಲೇ ಮಲಗಿಸಿ. ಮಗುವಿನ ಕೋಣೆಗೆ ಅದಕ್ಕೆ ಪ್ರವೇಶವಿಲ್ಲ ಅಂತಾದರೆ ಈಗಿನಿಂದಲೇ ಇಲ್ಲ. ಹಾರುವ ಬದಲು ಕೂತರೆ ಮಾತ್ರ ತಲೆ ಸವರಿ. ಬದಲಾವಣೆ ಮಗುವಿನ ಜೊತೆಗೇ ಬಂದರೆ ನಾಯಿಯ ಲೆಕ್ಕದಲ್ಲಿ ಎಲ್ಲ ಕಷ್ಟಕ್ಕೂ ಮಗುವೇ ಕಾರಣ.

ಬರುವ ದಿನ ಒಂದು ಮಾತು ನೆನಪಿಡಿ. ನಾಯಿ ಮನೆಯೊಡತಿಯನ್ನು ನೋಡಿ ತಿಂಗಳುಗಳಾಗಿರುತ್ತವೆ. ಕುಣಿಯುತ್ತದೆ, ಮೈಮೇಲೆ ಬೀಳುತ್ತದೆ. ಹಾಗಾಗಿ ತಾಯಿ ಮೊದಲು ಬರಿಗೈಯಲ್ಲಿ ಒಳಗೆ ಬರಲಿ. ಸಂಭ್ರಮವೆಲ್ಲ ಮುಗಿಯಲಿ. ಆಮೇಲೆ ಯಾರಾದರೂ ನಾಯಿಯನ್ನು ತೋಟದಲ್ಲಿ ಒಂದು ಸುತ್ತು ಹಾಕಿಸಿ, ಬೆಲ್ಟ್ ಹಿಡಿದೇ ಒಳಗೆ ತರಲಿ. ಮಗು ಇನ್ನೊಬ್ಬರ ತೋಳಲ್ಲಿರಲಿ. ದೂರದಿಂದ ನೋಡಿತಾ, ಸಾಕು. ಮುಖಕ್ಕೆ ಮುಖ ತಾಗಿಸುವ ಫೋಟೋ ಬೇಡವೇ ಬೇಡ.

ನಮ್ಮ ಜಿಲ್ಲೆಯದೇ ಒಂದು ತಾಪತ್ರಯ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲಿ ಬೆಚ್ಚಗಿರುವ ಜಾಗ ಒಂದೇ. ಅಗ್ಗಿಷ್ಟಿಕೆ ಇಟ್ಟು ಮಗುವಿನ ಬಟ್ಟೆ ಒಣಗಿಸುವುದು ಅಲ್ಲಿ, ತೊಟ್ಟಿಲು ಅಲ್ಲಿ, ಒದ್ದೆ ನಾಯಿ ಬಂದು ಸುರುಟಿಕೊಳ್ಳುವುದೂ ಅಲ್ಲೇ. ನಾಯಿಯನ್ನು ಸುಮ್ನೆ ಆಚೆ ಅಟ್ಟಿದರೆ ಅದು ಮತ್ತೆ ಮತ್ತೆ ಅಲ್ಲಿಗೇ ಬರುತ್ತದೆ. ಅದಕ್ಕೆ ಇನ್ನೊಂದು ಬೆಚ್ಚಗಿನ ಮೂಲೆ ಮಾಡಿಕೊಡಿ. ಎರಡು ಗೋಣಿಚೀಲ, ಅದರ ಮೇಲೊಂದು ಹಳೇ ಕಂಬಳಿ, ಗಾಳಿ ಬೀಸದ ಗೋಡೆ, ಇಷ್ಟಿದ್ದರೆ ಆಯಿತು. ನಡುವೆ ಒಂದು ಅಡ್ಡಗೇಟು. ಅಂಗಡಿಯದ್ದೇ ಬೇಕೆಂದಿಲ್ಲ, ಸಿಲ್ವರ್ ಓಕ್ ಹಲಗೆಯಲ್ಲಿ ಆಚಾರಿ ಒಂದು ದಿನದಲ್ಲಿ ಮಾಡಿಕೊಡುತ್ತಾರೆ. ಪಟ್ಟಿಗಳ ನಡುವಿನ ಸಂದು 6 ಸೆಂ.ಮೀ.ಗಿಂತ ಜಾಸ್ತಿ ಇರಬಾರದು. ಇದ್ದರೆ ಮಗುವಿನ ತಲೆ ಸಿಕ್ಕಿಕೊಳ್ಳಬಹುದು.

ಸೀರೆಯ ಜೋಲಿ ತೊಟ್ಟಿಲ ಬಗ್ಗೆ ಯಾರೂ ಯೋಚಿಸುವುದಿಲ್ಲ. ನನ್ನ ಮಟ್ಟಿಗೆ ದೊಡ್ಡ ಚಿಂತೆ ಅದೇ. ಅದು ನೇತಾಡುವುದು ಸರಿಯಾಗಿ ನಾಯಿಯ ಮೂತಿಯ ಎತ್ತರಕ್ಕೆ. ಒಳಗಿಂದ ಹಾಲಿನ, ಎಣ್ಣೆಯ ವಾಸನೆ. ಬಟ್ಟೆ ತೂಗುತ್ತದೆ, ಒಳಗೆ ಏನೋ ಒದ್ದಾಡುತ್ತದೆ, ಕೀರಲು ದನಿಯಲ್ಲಿ ಅಳುತ್ತದೆ. ಮೊಲ, ಹಂದಿ ಅಂತ ತೋಟವಿಡೀ ಓಡುವ ನಾಯಿಗೆ ಇದು ಬೇಟೆಯ ಹಾಗೆ ಕಂಡರೆ ಆಶ್ಚರ್ಯವಿಲ್ಲ. ಅಲ್ಲಿ ದ್ವೇಷವೂ ಇಲ್ಲ, ಹೊಟ್ಟೆಕಿಚ್ಚೂ ಇಲ್ಲ. ಜೋಲಿ ಇರುವ ಕೋಣೆಗೆ ಬಾಗಿಲು ಹಾಕಿ. ಕಾಫಿ ಕುಯ್ಲಿನ ಸಮಯದಲ್ಲಿ ಕೊಂಬೆಗೆ ಜೋಲಿ ಕಟ್ಟಿ ಕೆಲಸ ಮಾಡುವ ತಾಯಂದಿರಿದ್ದಾರೆ. ಅಲ್ಲಿ ಕಾವಲಿಗೆ ಒಬ್ಬರನ್ನು ಕೂರಿಸುವುದು ತೋಟದ ಮಾಲೀಕರ ಹೊಣೆ ಅಂತಲೇ ನಾನು ಹೇಳುತ್ತೇನೆ. ಬಂಗಲೆಯ ನಾಯಿಗೆ ಹಾಕಿಸುವ ಲಸಿಕೆಯನ್ನು ಕಾರ್ಮಿಕರ ಲೈನ್ ಮನೆಗಳ ನಾಯಿಗಳಿಗೂ ಹಾಕಿಸಿ.

"ನಮ್ಮ ನಾಯಿ ಏನೂ ಮಾಡಲ್ಲ, ಮಗು ಮೇಲೆ ಬಿದ್ದರೂ ಸುಮ್ಮನಿರುತ್ತೆ" ಅನ್ನುವವರು ವಾಟ್ಸಾಪ್‌ನಲ್ಲಿ ವಿಡಿಯೋ ಕಳಿಸುತ್ತಾರೆ. ಅಂಥದ್ದೊಂದರಲ್ಲಿ ಏಳೆಂಟು ತಿಂಗಳ ಮಗು ಲ್ಯಾಬ್ರಡಾರ್ ನಾಯಿಯ ಬೆನ್ನಿಗೆ ಒರಗಿ ಕಿವಿ ಎಳೆಯುತ್ತಿದೆ. ಹಿಂದೆ ಎಲ್ಲರೂ ನಗುತ್ತಿದ್ದಾರೆ. ನಾನು ನಾಯಿಯನ್ನು ನೋಡಿದೆ. ಬಾಯಿ ಬಿಗಿಯಾಗಿ ಮುಚ್ಚಿದೆ. ಮುಖ ಆ ಕಡೆ ತಿರುಗಿಸಿದೆ, ಕಣ್ಣು ಮಾತ್ರ ಈ ಕಡೆ, ಬಿಳಿಭಾಗ ಎದ್ದು ಕಾಣುತ್ತಿದೆ. ತಿನ್ನಲು ಏನೂ ಇಲ್ಲದಿದ್ದರೂ ಮೂಗು ನೆಕ್ಕಿಕೊಂಡಿತು, ನಿದ್ದೆ ಬಾರದೆಯೂ ಆಕಳಿಸಿತು. ಅದು ತಾಳ್ಮೆಯಲ್ಲ, 'ಇದನ್ನು ಯಾರಾದರೂ ಎತ್ತಿಕೊಳ್ಳಿ' ಎಂಬ ಬೇಡಿಕೆ. ಯಾರೂ ಕೇಳದಿದ್ದರೆ ಮುಂದಿನದು ಮೈ ಸೆಟೆದುಕೊಳ್ಳುವುದು, ಆಮೇಲೆ ಗುರ್.

ಆ ಗುರ್‌ಗೆ ನಮ್ಮ ಮನೆಗಳಲ್ಲಿ ಸಿಗುವುದು ಏಟು. ದಯವಿಟ್ಟು ಹೊಡೆಯಬೇಡಿ. ಏಟು ತಿಂದ ನಾಯಿಗೆ ಕಿರಿಕಿರಿ ಕಡಿಮೆ ಆಗುವುದಿಲ್ಲ, ಗುರ್ ಅನ್ನುವುದು ಮಾತ್ರ ನಿಲ್ಲುತ್ತದೆ. ಆಮೇಲೆ "ಹೇಳದೆ ಕೇಳದೆ ಕಚ್ಚಿಬಿಟ್ಟಿತು" ಅಂತ ನನ್ನ ಮುಂದೆ ಬಂದು ಕೂರುತ್ತಾರೆ. ಅದು ಹೇಳಿತ್ತು, ಬಾಯಿ ಮುಚ್ಚಿಸಿದ್ದು ನಾವೇ ಅಲ್ವಾ? ಗುರ್ ಅಂದರೆ ಗಲಾಟೆ ಮಾಡದೆ ಮಗುವನ್ನು ಎತ್ತಿಕೊಳ್ಳಿ, ನಾಯಿಗೆ ಹೋಗಲು ದಾರಿ ಬಿಡಿ. ಏನು ಕಾರಣ ಅಂತ ಆಮೇಲೆ ಯೋಚಿಸಿ.

ಕಾರಣ ಹಲವು ಸಲ ನೋವು. ಮಳೆಗಾಲದಲ್ಲಿ ಜೋತುಕಿವಿಯ ನಾಯಿಗಳಿಗೆ ಕಿವಿಯೊಳಗೆ ಸೋಂಕು ಆಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ತಲೆ ಒದರುತ್ತಿರುತ್ತದೆ ಅಷ್ಟೇ. ಆ ಕಿವಿಯನ್ನೇ ಮಗು ಹಿಡಿದರೆ? ವಯಸ್ಸಾದ ನಾಯಿಗೆ ಸೊಂಟ, ಕೀಲು ನೋವು. ಸಾಧು ನಾಯಿ ಏಕಾಏಕಿ ಸಿಡುಕಲು ಶುರು ಮಾಡಿದರೆ ಮೊದಲು ಪಶುವೈದ್ಯರಿಗೆ ತೋರಿಸಿ.

ಇನ್ನೊಂದು ಕಾರಣ ಮೂಳೆ. ಭಾನುವಾರ ಪಂದಿಕರಿಯಾದ ಮೇಲೆ ನಾಯಿಗೆ ಮೂಳೆ ಬೀಳುತ್ತದೆ. ಬೇಯಿಸಿದ ಮೂಳೆ ಚೂಪಾಗಿ ಸೀಳಿಕೊಂಡು ಕರುಳಿಗೆ ಚುಚ್ಚುತ್ತದೆ, ಅದೇ ಒಂದು ಬೇರೆ ಅಂಕಣದಷ್ಟು ವಿಷಯ. ಇಲ್ಲಿ ಹೇಳುವುದಿಷ್ಟೇ. ಬಾಯಲ್ಲಿ ಒಳ್ಳೇ ವಸ್ತು ಇರುವಾಗ ಎಷ್ಟೋ ಒಳ್ಳೇ ನಾಯಿಗಳೂ ಹತ್ತಿರ ಬಂದವರನ್ನು ಸಹಿಸುವುದಿಲ್ಲ. ಅಂಬೆಗಾಲಿಡುವ ಮಗುವಿನ ಬಾಯಿ ನಾಯಿಯ ಬಾಯಿಯ ಎತ್ತರದಲ್ಲೇ ಇರುತ್ತದೆ. ಚಿಕ್ಕ ಮಕ್ಕಳಿಗೆ ಮುಖ, ಕುತ್ತಿಗೆಗೇ ಕಡಿತ ಆಗುವುದು ಅದಕ್ಕೆ. ನಾಯಿಯ ಊಟ ಗೇಟಿನ ಆಚೆ ಆಗಲಿ, ತಟ್ಟೆ ಕೂಡಲೇ ಎತ್ತಿಡಿ.

ಹಗಲೆಲ್ಲ ಸರಪಳಿ ಹಾಕಿ ರಾತ್ರಿ ಬಿಡುವ ಪದ್ಧತಿ ನಮ್ಮಲ್ಲಿ ಜಾಸ್ತಿ. ಕಟ್ಟಿದ ನಾಯಿಗೆ ಹಿಂದೆ ಸರಿಯಲು ಜಾಗವಿಲ್ಲ, ಹಾಗಾಗಿ ಅದು ಮುಂದೆ ನುಗ್ಗುತ್ತದೆ. ಜಗಲಿಯ ಕಂಬಕ್ಕೆ ಕಟ್ಟಿದೆ, ಇನ್ನು ಭಯವಿಲ್ಲ ಅಂತ ಮಗುವನ್ನು ಅದೇ ಜಗಲಿಯಲ್ಲಿ ಬಿಡಬೇಡಿ. ಮಗು ಬಂದಾಗಲೆಲ್ಲ ಕಟ್ಟಿಹಾಕಿ, ಮಗು ಮಲಗಿದ ಮೇಲೆ ಮುದ್ದು ಮಾಡುವುದೂ ಉಲ್ಟಾ ಪಾಠ. ಮಗು ಎದುರಿಗಿರುವಾಗಲೇ ದೂರದಿಂದ ಒಂದು ತುಂಡು ಕೋಳಿ ಎಸೆಯಿರಿ. ಪುತ್ತರಿ ಹಬ್ಬದಲ್ಲಿ ಕದಿರು ತೆಗೆಯುವಾಗ ಗುಂಡು ಹಾರುತ್ತದೆ, ಪಟಾಕಿ ಸಿಡಿಯುತ್ತದೆ. ಅವತ್ತು ಸಂಜೆಗೇ ನಾಯಿಯನ್ನು ಬೇರೆ ಕೋಣೆಗೆ ಸೇರಿಸಿ. ಹೆದರಿ ಮಂಚದ ಕೆಳಗೆ ನುಗ್ಗಿದ ನಾಯಿಯನ್ನು ಎಳೆಯಲು ಹೋಗಬೇಡಿ.

"ಅಜ್ಜಿ ನೋಡ್ಕೊಳ್ತಾರೆ" ಅನ್ನುವುದು ಕಾವಲಲ್ಲ. ಮಧ್ಯಾಹ್ನದ ಊಟವಾದ ಮೇಲೆ ಅಜ್ಜಿಗೂ ಜೊಂಪು ಹತ್ತುತ್ತದೆ. ದೊಡ್ಡವರೊಬ್ಬರು ಕೈಗೆಟಕುವ ದೂರದಲ್ಲಿ ಎಚ್ಚರವಾಗಿರಬೇಕು, ಇಲ್ಲವೇ ನಡುವಿನ ಬಾಗಿಲು ಮುಚ್ಚಿರಬೇಕು. ಇವೆರಡರ ಮಧ್ಯೆ ಮೂರನೇ ದಾರಿ ನನಗೆ ಗೊತ್ತಿಲ್ಲ.

ಈಗ ಇಂಜೆಕ್ಷನ್. ರೇಬೀಸ್ ಲಸಿಕೆ ಮರಿಗೆ ಮೂರು ತಿಂಗಳಾದಾಗ ಮೊದಲು, ಆಮೇಲೆ ಪ್ರತಿ ವರ್ಷ. ಮಳೆಗಾಲಕ್ಕೆ ಮುಂಚೆ ಇಲಿಜ್ವರದ ಲಸಿಕೆಯೂ ಆಗಿರಲಿ. ಹುಳದ ಔಷಧಿ ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ, ಎಳೆ ಮರಿಗೆ ಎರಡು ವಾರಕ್ಕೊಮ್ಮೆ. ಅಂಗಳದ ಕಕ್ಕವನ್ನು ದಿನಾ ತೆಗೆಯಿರಿ. ಅದರಲ್ಲಿರುವ ದುಂಡುಹುಳದ ಮೊಟ್ಟೆ ಅಂಟುವ ಹಂತಕ್ಕೆ ಬರಲು ಎರಡು ಮೂರು ವಾರ ಬೇಕು. ಮಗುವಿನ ಮುಖ, ಬಾಯಿ ನೆಕ್ಕಲು ಬಿಡಬೇಡಿ.

ಕಚ್ಚಿದರೆ, ಪರಚಿ ರಕ್ತ ಬಂದರೂ ಸರಿ, ನಲ್ಲಿ ತಿರುಗಿಸಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಮಗು ಎಷ್ಟು ಅತ್ತರೂ ತೊಳೆಯಿರಿ. ಕಾಫಿಪುಡಿ, ಅರಿಶಿನ, ಸುಣ್ಣ ಏನೂ ಹಚ್ಚಬೇಡಿ. ನೇರ ಆಸ್ಪತ್ರೆಗೆ ಹೋಗಿ. ನಮ್ಮದೇ ನಾಯಿ, ಲಸಿಕೆ ಆಗಿದೆ ಅಂತ ಮನೆಯಲ್ಲಿ ಕೂರಬೇಡಿ, ಕಾರ್ಡ್ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಆಮೇಲೆ 3, 7, 28ನೇ ದಿನ ರೇಬೀಸ್ ಚುಚ್ಚುಮದ್ದು. ಸ್ನಾಯುವಿಗೆ ಕೊಟ್ಟರೆ 14ನೇ ದಿನವೂ ಸೇರುತ್ತದೆ. ಕೂಸಿಗೆ ಸ್ನಾಯುವಿಗೆ ಕೊಡುವುದಾದರೆ ತೊಡೆಗೆ, ಕುಂಡೆಗಲ್ಲ. ಚರ್ಮ ಹರಿದು ರಕ್ತ ಬಂದಿದ್ದರೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಔಷಧಿಯನ್ನು ಗಾಯಕ್ಕೇ ಕೊಡುತ್ತಾರೆ. ಅದು ಎಲ್ಲ ಕಡೆ ಇರುವುದಿಲ್ಲ, ಹೊರಡುವಾಗಲೇ ಫೋನ್ ಮಾಡಿ ಕೇಳಿಕೊಳ್ಳಿ. ನಾಯಿಯನ್ನು ಹೊಡೆದು ಸಾಯಿಸಬೇಡಿ. ಹತ್ತು ದಿನ ಅದರ ಮೇಲೆ ಕಣ್ಣಿಡಬೇಕು.

ಎಷ್ಟು ಮಾಡಿದರೂ ಹೊಂದದ ನಾಯಿಗಳಿವೆ. ಹಿಂದೆ ಮಕ್ಕಳನ್ನು ಕಚ್ಚಿದ್ದು, ಮಗುವನ್ನು ರೆಪ್ಪೆ ಮಿಟುಕಿಸದೆ ನೋಡುತ್ತಾ ನಿಲ್ಲುವುದು, ಅತ್ತಾಗ ತೊಟ್ಟಿಲ ಕಡೆ ನುಗ್ಗುವುದು. ಅಂಥದ್ದನ್ನು ಅದೇ ಮನೆಯಲ್ಲಿ ಇಟ್ಟುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಆದರೆ ಯಾರೂ ಇಲ್ಲದ ತೋಟದ ಮನೆಗೆ ಒಯ್ದು ಕಟ್ಟಿಬರಬೇಡಿ. ಒಂಟಿಯಾಗಿ ಕಟ್ಟಿದ ನಾಯಿಯನ್ನು ಚಿರತೆ ಎತ್ತಿಕೊಂಡು ಹೋಗುತ್ತದೆ. ಮಕ್ಕಳಿಲ್ಲದ, ನಾಯಿ ಗೊತ್ತಿರುವ ನೆಂಟರ ಮನೆ ಹುಡುಕಿ, ಇದರ ಸ್ವಭಾವ ಮುಚ್ಚಿಡದೆ ಹೇಳಿ ಕೊಡಿ. ಅದಕ್ಕೂ ಸಮಯ ಬೇಕು. ತವರಿಂದ ಕಾರು ಹೊರಟ ಮೇಲೆ ನನಗೆ ಫೋನ್ ಮಾಡಿದರೆ ಆಗುವ ಕೆಲಸವಲ್ಲ.