ವಿಳಾಸದ ಜಾಗದಲ್ಲಿ ಅಪ್ಪಣೆ ಬರೆದರೆ

ಬೆಳಗಾವಿಯ ಉದ್ಯಮಬಾಗಿನಲ್ಲಿ ಫೌಂಡ್ರಿ ನಡೆಸುವವರಿಗೆ ಬ್ಲೋ ಹೋಲ್ ಅಂದರೇನು ಅಂತ ಹೇಳಿಕೊಡಬೇಕಿಲ್ಲ. ಎರಕ ಹೊರಗಿನಿಂದ ನುಣುಪಾಗಿ ಕಾಣುತ್ತದೆ. ತೂಕ ಸರಿ, ಅಳತೆ ಸರಿ. ಲೇಥ್ ಮೇಲೆ ಹಾಕಿ ಎರಡು ಮಿಲಿಮೀಟರ್ ಕೆರೆದಾಗ ಒಳಗೆ ಗಾಳಿ ಕೂತಿದ್ದ ಗುಳಿ ಬಾಯಿ ಬಿಡುತ್ತದೆ. ಅಷ್ಟರಲ್ಲಿ ಅದೇ ಹೀಟಿನ, ಅಂದರೆ ಒಂದೇ ಸಲ ಕರಗಿಸಿ ಸುರಿದ ಲೋಹದ, ಉಳಿದ ಪೀಸುಗಳು ಲಾರಿ ಹತ್ತಿ ಹೋಗಿರುತ್ತವೆ.

ನಾನು ಅಲ್ಲಿನ ಕೆಲವು ಸಣ್ಣ ಕಾರ್ಖಾನೆಗಳ ಸರ್ವರ್ ನೋಡಿಕೊಳ್ಳುತ್ತೇನೆ. ಮೇಲ್ ಸರ್ವರಿನಲ್ಲಿ ‘ರಿಮೋಟ್ ಕೋಡ್ ಎಕ್ಸಿಕ್ಯೂಷನ್’ ದೋಷ ಸಿಕ್ಕಿದೆ ಎಂದು ಮಾಲೀಕರಿಗೆ ಹೇಳಬೇಕಾದಾಗ ಈ ಬ್ಲೋ ಹೋಲಿನಿಂದಲೇ ಶುರು ಮಾಡುತ್ತೇನೆ. ಎಲ್ಲೋ ದೂರದಲ್ಲಿ ಕೂತವನು, ಎಷ್ಟೋ ಸಲ ಪಾಸ್‌ವರ್ಡ್ ಕೂಡ ಇಲ್ಲದೆ, ನಿಮ್ಮ ಮಷೀನಿನಲ್ಲಿ ತನಗೆ ಬೇಕಾದ ಪ್ರೋಗ್ರಾಂ ಓಡಿಸಬಹುದು ಎಂದು ಅದರ ಅರ್ಥ. ಕೇಳಿಸಿಕೊಂಡು ಅವರು ಹೇಳುವುದು ಸಾಮಾನ್ಯವಾಗಿ ಒಂದೇ ಮಾತು: “ಸರ, ಛಲೋ ನಡದೈತಿ. ಸುಮ್ನ ಯಾಕ ಕೈ ಹಚ್ಚತೀರಿ?”

ಈ ಮಾತಿಗೆ ಉತ್ತರ ಬೇಕಿದ್ದರೆ 1988ಕ್ಕೆ ಹೋಗಬೇಕು.

ಆ ವರ್ಷ ನವೆಂಬರ್ 2ರಂದು ಅಮೆರಿಕದಲ್ಲಿ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಒಂದು ಪ್ರೋಗ್ರಾಂ ಹರಿಯಬಿಟ್ಟ. ಅದು ತಾನಾಗಿಯೇ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಹಬ್ಬುವಂಥದ್ದು. ಆಗ ಇಂಟರ್ನೆಟ್ಟಿನಲ್ಲಿದ್ದ ಸುಮಾರು 60,000 ಕಂಪ್ಯೂಟರ್‌ಗಳಲ್ಲಿ 6,000ದಷ್ಟು ಸಿಕ್ಕಿಬಿದ್ದವು ಎಂಬುದು ಆಗಿನ ಅಂದಾಜು. ಅದು ಹಿಡಿದ ದಾರಿಗಳಲ್ಲಿ ಒಂದು ಸೆಂಡ್‌ಮೇಲ್. ಅಂದಿನ ಹೆಚ್ಚಿನ ಯೂನಿಕ್ಸ್ ಮಷೀನುಗಳಲ್ಲಿ ಮೇಲ್ ಸಾಗಿಸುತ್ತಿದ್ದುದು ಅದೇ. ಪರೀಕ್ಷೆಗೆಂದು ಅದರಲ್ಲಿ ‘ಡೀಬಗ್’ ಎಂಬ ಬಾಗಿಲು ಇಟ್ಟಿದ್ದರು, ಮುಚ್ಚಲು ಮರೆತಿದ್ದರು. ಡೀಬಗ್ ಅಂತ ಹೇಳಿ, ಪತ್ರ ಯಾರಿಗೆ ಎಂದು ಬರೆಯುವ ಜಾಗದಲ್ಲಿ ಅಪ್ಪಣೆಗಳನ್ನು ಬರೆದರೆ ಸಾಕು, ಸರ್ವರ್ ಅದನ್ನು ವಿಳಾಸ ಅನ್ನದೆ ಅಪ್ಪಣೆ ಅಂತಲೇ ಪಾಲಿಸುತ್ತಿತ್ತು.

ಇನ್ನೊಂದು ದಾರಿ ಫಿಂಗರ್ ಎಂಬ ಸಣ್ಣ ಸೇವೆಯದು. ಅದರಲ್ಲಿ 512 ಅಕ್ಷರ ಹಿಡಿಸುವ ಜಾಗಕ್ಕೆ ಮಾರಿಸನ ಪ್ರೋಗ್ರಾಂ ಅದಕ್ಕಿಂತ ಜಾಸ್ತಿ ತುಂಬಿತು. ತುಳುಕಿದ್ದು ಪಕ್ಕದ ಮೆಮೊರಿಯಲ್ಲಿದ್ದುದನ್ನು ಅಳಿಸಿ ಬರೆಯಿತು, ತುಂಬಿದ ಬರಹವೇ ಪ್ರೋಗ್ರಾಂ ಆಗಿ ಓಡಿತು. ಕಾರಣ, ಅಳತೆಯನ್ನೇ ನೋಡದ ‘ಗೆಟ್ಸ್’ ಎಂಬ ಸಿ ಭಾಷೆಯ ಫಂಕ್ಷನ್. ಅದನ್ನು ಸಿ ಭಾಷೆಯ ಮಾನದಂಡದಿಂದ ತೆಗೆದುಹಾಕಿದ್ದು 2011ರಲ್ಲಿ! ನಾನೂ ಕಾಲೇಜ್ ಲ್ಯಾಬಿನಲ್ಲಿ ಅದನ್ನೇ ಬಳಸಿ ಮಾರ್ಕ್ಸ್ ತಗೊಂಡವನು.

ಮೇಲ್ ಸರ್ವರಿಗೇ ಯಾಕೆ ಈ ಗ್ರಹಚಾರ? ಲೆಕ್ಕದ ಸರ್ವರನ್ನು ಆಫೀಸಿನ ನಾಲ್ಕು ಗೋಡೆಯೊಳಗೆ ಕಟ್ಟಿಹಾಕಬಹುದು. ಮೇಲ್ ಸರ್ವರಿನ ಕೆಲಸವೇ ಗುರುತಿಲ್ಲದವರಿಂದ ಕಾಗದ ತೆಗೆದುಕೊಳ್ಳುವುದು. ಪುಣೆಯ ಹೊಸ ಗಿರಾಕಿಯೊಬ್ಬ ರೇಟ್ ಕೇಳಿ ಬರೆದರೆ ಅದು ಒಳಗೆ ಬರಲೇಬೇಕು, ಅಲ್ವಾ? ಬಂದದ್ದನ್ನು ಬಿಚ್ಚಬೇಕು, ಓದಬೇಕು, ಅಟ್ಯಾಚ್‌ಮೆಂಟ್ ಜಾಲಾಡಬೇಕು, ಸರಿಯಾದ ಪೆಟ್ಟಿಗೆಗೆ ಹಾಕಬೇಕು. ಈ ಪ್ರತಿ ಹಂತದಲ್ಲೂ ಬರೀ ಬರಹವನ್ನು ಅಪ್ಪಣೆ ಅಂತ ತಪ್ಪು ತಿಳಿಯುವ ಅವಕಾಶ ಇದ್ದೇ ಇರುತ್ತದೆ.

ಇದಕ್ಕೆ ಒಳ್ಳೆಯ ಉಪಾಯ ಬಂದದ್ದು ತೊಂಬತ್ತರ ದಶಕದಲ್ಲಿ. ಡೇನಿಯಲ್ ಬರ್ನ್‌ಸ್ಟೈನ್ ಬರೆದ ಕ್ಯೂಮೇಲ್, 1998ರಲ್ಲಿ ಐಬಿಎಂನಲ್ಲಿದ್ದ ವೀಟ್ಸೆ ವೆನೆಮಾ ಹೊರತಂದ ಪೋಸ್ಟ್‌ಫಿಕ್ಸ್, ಎರಡೂ ಕೆಲಸವನ್ನು ಹಂಚಿಬಿಟ್ಟವು. ಹೊರಗಿನವರ ಜೊತೆ ಮಾತಾಡುವ ಪ್ರೋಗ್ರಾಮೇ ಬೇರೆ, ಪೆಟ್ಟಿಗೆಗೆ ಹಾಕುವುದೇ ಬೇರೆ. ಬಾಗಿಲಲ್ಲಿ ಕೂತವನ ಕೈಗೆ ಮನೆಯ ಎಲ್ಲ ಬೀಗದ ಕೈ ಕೊಡುವುದಿಲ್ಲ. ನನ್ನನ್ನು ಕೇಳಿದರೆ, ಈ ಇಡೀ ಕತೆಯಲ್ಲಿ ನಿಜಕ್ಕೂ ಬುದ್ಧಿವಂತಿಕೆಯ ಕೆಲಸ ಇದೊಂದೇ. ಉಳಿದದ್ದೆಲ್ಲ ತೇಪೆ ಹಚ್ಚಿದ್ದು.

2019ರ ಜೂನ್‌ನಲ್ಲಿ ಎಕ್ಸಿಮ್ ಎಂಬ ಮೇಲ್ ಸರ್ವರಿನಲ್ಲಿ ಕ್ವಾಲಿಸ್ ಎಂಬ ಭದ್ರತಾ ಕಂಪನಿಯವರು ಒಂದು ದೋಷ ತೋರಿಸಿದರು. ಮತ್ತೆ ವಿಳಾಸದ ಜಾಗವೇ! ಅಲ್ಲಿ ಡಾಲರ್ ಚಿಹ್ನೆ, ಸುರುಳಿ ಬ್ರಾಕೆಟ್, ‘ರನ್’ ಎಂಬ ಪದ, ಆಮೇಲೆ ಬೇಕಾದ ಅಪ್ಪಣೆ. ಎಕ್ಸಿಮ್ ಅದನ್ನು ರೂಟ್, ಅಂದರೆ ಮಷೀನಿನ ಸರ್ವಾಧಿಕಾರಿಯ, ಅಧಿಕಾರದಿಂದ ಓಡಿಸುತ್ತಿತ್ತು. ಮಾಮೂಲಿ ಸೆಟ್ಟಿಂಗ್ ಇದ್ದ ಸರ್ವರನ್ನು ಹೊರಗಿನಿಂದ ಹೀಗೆ ಹಿಡಿಯಲು ಸಂಪರ್ಕವನ್ನು 7 ದಿನ ಕಡಿಯದೆ ಇಟ್ಟುಕೊಳ್ಳಬೇಕಿತ್ತು, ಕೆಲವು ನಿಮಿಷಕ್ಕೊಂದು ಬೈಟ್ ಕಳಿಸುತ್ತ. ಅಂಥ ತಾಳ್ಮೆಯ ಕಳ್ಳತನ! ತಮಾಷೆ ಎಂದರೆ ಫೆಬ್ರುವರಿಯಲ್ಲೇ ಬಂದಿದ್ದ 4.92 ಆವೃತ್ತಿಯಲ್ಲಿ ಈ ತಪ್ಪು ಸರಿಹೋಗಿತ್ತು. ಅದು ಭದ್ರತೆಯ ವಿಷಯ ಎಂದು ಯಾರಿಗೂ ಹೊಳೆದಿರಲಿಲ್ಲ ಅಷ್ಟೆ. ಮುಂದಿನ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಎಚ್ಚರಿಸಿತು: ರಷ್ಯಾದ ಸೇನಾ ಗುಪ್ತಚರರ ತಂಡವೊಂದು ಆಗಸ್ಟ್ 2019ರಿಂದಲೇ ಈ ತೂತಿನಲ್ಲಿ ನುಗ್ಗುತ್ತಿದೆ ಎಂದು. ಅಪ್‌ಡೇಟ್ ಮಾಡದವರು ಆಗಲೂ ಇದ್ದರು.

ಮೈಕ್ರೋಸಾಫ್ಟಿನ ಮೇಲ್ ಸರ್ವರ್ ಎಕ್ಸ್‌ಚೇಂಜ್ ಕತೆ ಬಹಳ ಜನ ಕೇಳಿದ್ದೀರಿ. 2021ರ ಮಾರ್ಚ್ 2ರಂದು ಪ್ಯಾಚ್, ಅಂದರೆ ದೋಷ ಮುಚ್ಚುವ ತೇಪೆ, ಬಂತು, ಅಷ್ಟರಲ್ಲಿ ದಾಳಿ ಶುರುವಾಗಿಬಿಟ್ಟಿತ್ತು. ನುಗ್ಗಿದವರು ವೆಬ್ ಶೆಲ್ ಎಂಬ ಪುಟ್ಟ ಫೈಲ್ ಬಿಟ್ಟುಹೋಗುತ್ತಿದ್ದರು, ಆಮೇಲೆ ಅದರ ಮೂಲಕ ಬೇಕೆಂದಾಗ ಅಪ್ಪಣೆ ಕೊಡಲು. ಪ್ಯಾಚ್ ತೂತು ಮುಚ್ಚುತ್ತದೆ, ಒಳಗೆ ಕೂತವನನ್ನು ಓಡಿಸುವುದಿಲ್ಲ. ಕೊನೆಗೆ ಏಪ್ರಿಲ್‌ನಲ್ಲಿ ಎಫ್‌ಬಿಐ ಕೋರ್ಟಿನ ಅನುಮತಿ ಪಡೆದು, ಅಮೆರಿಕದ ನೂರಾರು ಸರ್ವರ್‌ಗಳಿಂದ ಆ ಫೈಲುಗಳನ್ನು ತಾನೇ ಅಳಿಸಬೇಕಾಯಿತು.

ನನಗೆ ಹೆಚ್ಚು ಕಾಡಿದ್ದು ಜಿಂಬ್ರಾ ಎಂಬ ಮೇಲ್ ಸರ್ವರಿನ 2022ರ ದೋಷ. ಬಂದ ಮೇಲ್‌ನಲ್ಲಿ ವೈರಸ್ ಇದೆಯೇ ಎಂದು ನೋಡಲು ಅಮಾವಿಸ್ ಎಂಬ ಕಾವಲುಗಾರ ಅಟ್ಯಾಚ್‌ಮೆಂಟ್ ಗಂಟು ಬಿಚ್ಚುತ್ತದೆ. ಅದಕ್ಕೆ ಸಿಪಿಐಒ ಎಂಬ ಹಳೆಯ ಸಲಕರಣೆ ಬಳಸುತ್ತಿತ್ತು. ಗಂಟನ್ನು ಜಾಣತನದಿಂದ ಕಟ್ಟಿದ್ದರೆ ಒಳಗಿನ ಫೈಲ್ ಇಟ್ಟ ಜಾಗದಲ್ಲಿ ಬಿಚ್ಚಿಕೊಳ್ಳದೆ ನೇರವಾಗಿ ವೆಬ್ ಫೋಲ್ಡರಿಗೆ ಹೋಗಿ ಕೂರುತ್ತಿತ್ತು, ಅಲ್ಲಿಂದ ಅದನ್ನು ಹೊರಗಿನಿಂದಲೇ ಓಡಿಸಬಹುದಿತ್ತು. ಸಿಪಿಐಒದ ಈ ದೋಷ 2015ರಿಂದಲೇ ದಾಖಲೆಯಲ್ಲಿತ್ತು! ಯಾರೂ ಮೇಲ್ ತೆರೆಯಬೇಕಿಲ್ಲ, ಲಿಂಕ್ ಒತ್ತಬೇಕಿಲ್ಲ. ಪ್ಯಾಚ್ ಬರುವ ತನಕ ಪರಿಹಾರವಾಗಿ ಹೇಳಿದ್ದು ಇಷ್ಟೇ: ಪ್ಯಾಕ್ಸ್ ಎಂಬ ಇನ್ನೊಂದು ಸಲಕರಣೆ ಹಾಕಿ, ಸೇವೆಯನ್ನು ರೀಸ್ಟಾರ್ಟ್ ಮಾಡಿ. ಅದಿದ್ದರೆ ಅಮಾವಿಸ್ ಸಿಪಿಐಒ ಹತ್ತಿರ ಹೋಗುವುದಿಲ್ಲ.

2024ರ ಸೆಪ್ಟೆಂಬರ್ ಆರಂಭದಲ್ಲಿ ಅದೇ ಜಿಂಬ್ರಾಗೆ ಇನ್ನೊಂದು ಪ್ಯಾಚ್ ಬಂತು. ತಿಂಗಳ ಕೊನೆಗೆ ದಾಳಿ ಕಾಣಿಸಿತು. ಈ ಸಲ ಅಪ್ಪಣೆ ಬಂದದ್ದು ‘ಸಿಸಿ’ ಸಾಲಿನಲ್ಲಿ. 36 ವರ್ಷ ಕಳೆದರೂ ವಿಳಾಸದ ಜಾಗ ಬಿಟ್ಟು ದೂರ ಹೋಗಿಲ್ಲ ನೋಡಿ.

ಚಾಟ್ ಸರ್ವರುಗಳೂ ಹೊರತಲ್ಲ. ಓಪನ್‌ಫೈರ್‌ನಲ್ಲಿ 2023ರಲ್ಲಿ ಸಿಕ್ಕ ದೋಷ 2015ರ ಆವೃತ್ತಿಯಿಂದ ಸುಮ್ಮನೆ ಕೂತಿತ್ತು. 9090ನೇ ಪೋರ್ಟಿನ ಅಡ್ಮಿನ್ ಪುಟಕ್ಕೆ ಲಾಗಿನ್ ಇಲ್ಲದೆ ಹೊಕ್ಕು, ಹೊಸ ಅಡ್ಮಿನ್ ಹುಟ್ಟಿಸಿ, ಪ್ಲಗಿನ್ ಹೆಸರಿನಲ್ಲಿ ತನ್ನ ಕೋಡ್ ಏರಿಸುವುದು. ಆ ಪುಟ ಇಂಟರ್ನೆಟ್ಟಿಗೆ ತೆರೆದಿರಬೇಕಾದ ಅಗತ್ಯವೇ ಇರಲಿಲ್ಲ.

ಹಿಡಿಯುವುದು ಹೇಗೆ? ನಾನು ಮೊದಲು ನೋಡುವುದು ಪ್ರೋಗ್ರಾಂಗಳ ವಂಶಾವಳಿ. ಮೇಲ್ ಸರ್ವರಿನ ಹೊಟ್ಟೆಯಿಂದ ಮೇಲ್ ಕೆಲಸದ ಪ್ರೋಗ್ರಾಂಗಳಷ್ಟೇ ಹುಟ್ಟಬೇಕು. ಅಲ್ಲಿಂದ ಅಪ್ಪಣೆ ಓಡಿಸುವ ಒಂದು ಶೆಲ್, ಹೊರಗಿನಿಂದ ಫೈಲ್ ತರುವ ಒಂದು ಕರ್ಲ್ ಅಥವಾ ಡಬ್ಲ್ಯೂಗೆಟ್ ಹುಟ್ಟಿದ್ದರೆ ಅನುಮಾನವೇ ಬೇಡ, ಕೇಬಲ್ ಕಿತ್ತು ಆಮೇಲೆ ಮಾತು. ವೆಬ್ ಫೋಲ್ಡರಿನಲ್ಲಿ ಸರ್ವರ್ ಓಡಿಸುವಂಥ ಹೊಸ ಜೆಎಸ್‌ಪಿ ಅಥವಾ ಎಎಸ್‌ಪಿಎಕ್ಸ್ ಫೈಲ್ ಬಂದಿದೆಯೇ, ಹೊತ್ತುಹೊತ್ತಿಗೆ ತಾನಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ನಾನು ಬರೆಯದ ಸಾಲು ಇದೆಯೇ, ಸರ್ವರ್ ತಾನಾಗಿ ಹೊರಗಿನ ಯಾವುದೋ ಐಪಿಗೆ ಫೋನ್ ಹಚ್ಚುತ್ತಿದೆಯೇ ಅಂತಲೂ ನೋಡುತ್ತೇನೆ. ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಅದೇ ಮಷೀನಿನಲ್ಲಿದ್ದರೆ ಕಳ್ಳ ಅಳಿಸುತ್ತಾನೆ, ಹಾಗಾಗಿ ಬೇರೆ ಮಷೀನಿಗೆ ಕಳಿಸುತ್ತೇನೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು, ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ನಮ್ಮ ಕಡೆ ಈ ಮಾತು ಹೇಳಿದಾಗ ಎಷ್ಟೋ ಮಂದಿ ಮುಖ ನೋಡುತ್ತಾರೆ.

ಇದನ್ನೆಲ್ಲ ಕಲಿತದ್ದು ಪೆಟ್ಟು ತಿಂದೇ. ಒಂದು ಕಾರ್ಖಾನೆಯಲ್ಲಿ ಪ್ಯಾಚ್ ಹಾಕಿ ಆರಾಮವಾಗಿದ್ದೆ. ತಿಂಗಳಾದ ಮೇಲೆ ಸರ್ವರಿನ ಫ್ಯಾನ್ ಹಗಲೂ ರಾತ್ರಿ ಒದರುತ್ತಿದೆ ಎಂದು ಕರೆ ಬಂತು. ಯಾರೋ ಅದರಲ್ಲಿ ಕ್ರಿಪ್ಟೋ ನಾಣ್ಯ ಅಗೆಯುವ ಪ್ರೋಗ್ರಾಂ ಬಿಟ್ಟಿದ್ದರು. ಗುರುತಿಲ್ಲದ ಒಂದು ಫೈಲ್ ಸಿಕ್ಕಿತು. ಅದರ ತಾರೀಖು ನಾನು ಪ್ಯಾಚ್ ಹಾಕಿದ ದಿನಕ್ಕಿಂತ ಹನ್ನೊಂದು ದಿನ ಹಿಂದಿನದು. ಪ್ಯಾಚ್ ಹಾಕಿದೆ, ಹುಡುಕಲಿಲ್ಲ, ತಪ್ಪು ನನ್ನದೇ. ಒಂದೊಂದೇ ಫೈಲ್ ಅಳಿಸುತ್ತ ಕೂರಲಿಲ್ಲ. ಡಿಸ್ಕ್ ತೆಗೆದಿಟ್ಟು, ಹೊಸದರಲ್ಲಿ ಮೊದಲಿಂದ ಹಾಕಿ, ಬ್ಯಾಕಪ್‌ನಿಂದ ಮೇಲ್‌ಗಳನ್ನಷ್ಟೇ ತಂದು, ಎಲ್ಲರ ಪಾಸ್‌ವರ್ಡ್ ಬದಲಿಸಿದೆವು. ಅಡ್ಮಿನ್ ಪುಟ ಈಗ ವಿಪಿಎನ್ ಒಳಗಿದೆ. ಸರ್ವರ್ ಹೊರಗೆ ಹೋಗುವ ದಾರಿಗಳನ್ನೂ ಕಟ್ಟಿದ್ದೇನೆ. ಮೇಲ್ ಕಳಿಸಲು ಮತ್ತು ಅಪ್‌ಡೇಟ್ ತರಲು ಬೇಕಾದಷ್ಟು ಬಿಟ್ಟು ಉಳಿದದ್ದೆಲ್ಲ ಬಂದ್.

ಎಕ್ಸ್‌ಚೇಂಜ್ 2016 ಮತ್ತು 2019ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನನಗೆ ಗೊತ್ತಿರುವ ಒಂದು ಆಫೀಸಿನಲ್ಲಿ ಮೇಜಿನ ಕೆಳಗೆ 2016 ಇನ್ನೂ ಓಡುತ್ತಿದೆ. ಮಾಲೀಕರಿಗೆ ನಿಲ್ಲಿಸಲು ಮನಸ್ಸಿಲ್ಲ, ಆರ್ಡರ್ ಬರುವ ಪೆಟ್ಟಿಗೆ ಅದು. ಹೋದ ವಾರ ಅವರೇ ಕೇಳಿದರು: “ಒಂದ ಹೀಟಿನ್ಯಾಗ ಬ್ಲೋ ಹೋಲ್ ಬಂದ್ರ ನಾವು ಪೂರಾ ಲಾಟ್ ವಾಪಸ್ ತರಸ್ತೇವಿ. ಇದಕ್ಕೂ ಹಂಗನ ಏನ್ರಿ?” ಹೌದು ಅಂದೆ. ವಾರದ ರಜೆಯ ದಿನ ಬಂದು ಬದಲಿಸಲು ಒಪ್ಪಿದ್ದಾರೆ.