ಸೆಟ್-ಜೆಟ್ಟಿಂಗ್: ಧಾರಾವಾಹಿಯ ಜಾಡು ಹಿಡಿದು ಕೊರಿಯಾ ಸುತ್ತುವುದು

ಸಿನಿಮಾದಲ್ಲೋ ಟಿವಿ ಧಾರಾವಾಹಿಯಲ್ಲೋ ನೋಡಿದ ಜಾಗವನ್ನು ಹುಡುಕಿಕೊಂಡು ಹೋಗುವ ಪ್ರವಾಸಕ್ಕೆ ಸೆಟ್-ಜೆಟ್ಟಿಂಗ್ ಅನ್ನುತ್ತಾರೆ. ವಿಮಾನ ಹತ್ತಿ ದೇಶ ದೇಶ ಸುತ್ತುವ ಶ್ರೀಮಂತರಿಗೆ ಇಂಗ್ಲಿಷಿನಲ್ಲಿ ಜೆಟ್-ಸೆಟ್ ಅನ್ನುವ ಹೆಸರಿತ್ತು. ಅದನ್ನೇ ಹಿಂದುಮುಂದು ಮಾಡಿ, ಸೆಟ್ ಅಂದರೆ ಶೂಟಿಂಗ್ ಸೆಟ್ ಅಂತ ಇಟ್ಟುಕೊಂಡಿದ್ದಾರೆ. ಸ್ಟುಡಿಯೋದವರು ಟಿಕೆಟ್ ಇಟ್ಟು ತೋರಿಸುವ ಥೀಮ್ ಪಾರ್ಕಿಗೆ ಹೋಗುವುದೂ ಇದರಲ್ಲಿ ಸೇರುತ್ತದೆ. ಆದರೆ ಅದು ಸಣ್ಣ ಪಾಲು. ಕಥೆ ಬರುವ ಮೊದಲೂ ಇದ್ದ, ಕಥೆ ಮುಗಿದ ಮೇಲೂ ಇರುವ ನಿಜವಾದ ಬೀದಿ, ಬಂದರು, ಮರ, ಸ್ಟೇಷನ್ನುಗಳಿಗೆ ಹೋಗುವುದೇ ಇದರ ಮುಖ್ಯ ಭಾಗ.

‘ಗೇಮ್ ಆಫ್ ಥ್ರೋನ್ಸ್’ ನೋಡಿದವರು ಕ್ರೊಯೇಷಿಯಾದ ಡುಬ್ರೊವ್ನಿಕ್‌ಗೆ ಹೋಗುತ್ತಾರೆ. ಅದು ಒಂದು ಊರಿನ ಮಾತಾಯಿತು. ಒಂದು ಇಡೀ ದೇಶವನ್ನು ಧಾರಾವಾಹಿ ಹಿಡಿದುಕೊಂಡೇ ಸುತ್ತಬಹುದು ಅನ್ನುವ ಮಟ್ಟಕ್ಕೆ ಇದು ಬೆಳೆದಿರುವುದು ದಕ್ಷಿಣ ಕೊರಿಯಾದಲ್ಲಿ. ಅಲ್ಲಿ ಚಿತ್ರೀಕರಣ ನಡೆದ ಜಾಗಕ್ಕೆ ‘ಚ್ವಾರ್ಯೊಂಗ್ಜಿ’ ಅನ್ನುತ್ತಾರೆ. ಊರಿನ ಫಲಕದ ಮೇಲೆ, ನೂಡಲ್ಸ್ ಅಂಗಡಿಯ ಗೋಡೆಯ ಮೇಲೆ, ಮ್ಯಾಪಿನಲ್ಲಿ, ಎಲ್ಲ ಕಡೆ ಈ ಪದ ಕಾಣುತ್ತದೆ. ಕೆ-ಡ್ರಾಮಾ, ಅಂದರೆ ಕೊರಿಯಾದ ಧಾರಾವಾಹಿ, ನೋಡುವ ನಮ್ಮವರು ಈಗ ಜಾಸ್ತಿ ಆಗಿದ್ದಾರೆ. ಅವರಲ್ಲಿ ಒಬ್ಬರಾದರೂ ರಾಜಧಾನಿ ಸೋಲ್ ಬಿಟ್ಟು ಹೊರಗಿನ ಊರುಗಳಿಗೆ ಹೋಗಿ ಬರಲಿ ಅನ್ನುವ ಆಸೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಕೊರಿಯಾದಲ್ಲೇ ಇದು ಇಷ್ಟು ಬೆಳೆದದ್ದು ಯಾಕೆ? ನಮ್ಮ ಕನ್ನಡ ಧಾರಾವಾಹಿ ವರ್ಷಗಟ್ಟಲೆ ನಡೆಯುತ್ತದೆ. ಬೆಂಗಳೂರಿನ ಸುತ್ತಮುತ್ತ ಬಾಡಿಗೆಗೆ ಹಿಡಿದ ಒಂದೆರಡು ಮನೆಯೊಳಗೇ ಕಥೆಯ ಬಹುಪಾಲು ಸಾಗಿಬಿಡುತ್ತದೆ. ಕೊರಿಯಾದ್ದು ಸಾಮಾನ್ಯವಾಗಿ 16 ಕಂತಿಗೆ ಮುಗಿಯುತ್ತದೆ. ಶುರುವಾಗುವಾಗಲೇ ಕೊನೆ ಗೊತ್ತಿರುತ್ತದೆ. ಹಾಗಾಗಿ ಒಂದು ಕಡಲತೀರ, ಒಂದು ಸಂತೆ, ಒಂದು ಮೆಟ್ಟಿಲನ್ನು ಆರಿಸಿಕೊಂಡು ಕಥೆಯ ತಿರುವುಗಳನ್ನೆಲ್ಲ ಅಲ್ಲಿಗೇ ತಂದು ಕೂರಿಸುತ್ತಾರೆ. ಮೊದಲ ಕಂತಿನಲ್ಲಿ ನೋಡಿದ ಜಾಗ ಹದಿನಾರನೆಯ ಕಂತಿನಲ್ಲಿ ಮತ್ತೆ ಬಂದಾಗ ನೋಡುವವರಿಗೆ ಅದು ಪರಿಚಯದ ಜಾಗ ಆಗಿಬಿಟ್ಟಿರುತ್ತದೆ. ಇನ್ನೊಂದು ಕಾರಣ ಊರಿನ ಆಡಳಿತ. ಕಂತು ಮುಗಿದ ಮೇಲೆ ಬರುವ ಹೆಸರುಗಳ ಸಾಲನ್ನು ಗಮನಿಸಿ. ನೆರವು ಕೊಟ್ಟವರ ಜೊತೆ ಎಷ್ಟೋ ಸಲ ಒಂದು ನಗರದ ಅಥವಾ ಜಿಲ್ಲೆಯ ಆಡಳಿತದ ಹೆಸರಿರುತ್ತದೆ. ಯುವಜನ ಸೋಲ್ ಕಡೆಗೆ ಹೊರಟುಹೋಗಿ ಬಿಕೋ ಅನ್ನುವ ಊರುಗಳಿಗೆ ಒಂದು ಧಾರಾವಾಹಿ ಸಿಕ್ಕರೆ ಅದು ಸಣ್ಣ ವಿಷಯವಲ್ಲ.

ಇದಕ್ಕೆ ಹಳೆಯ ಉದಾಹರಣೆ ಪೂರ್ವ ಕರಾವಳಿಯ ಜೊಂಗ್‌ಡೊಂಗ್‌ಜಿನ್ ರೈಲ್ವೆ ಸ್ಟೇಷನ್. 1995ರಲ್ಲಿ ಎಸ್‌ಬಿಎಸ್ ಚಾನೆಲ್ಲಿನಲ್ಲಿ ‘ಸ್ಯಾಂಡ್‌ಗ್ಲಾಸ್’, ಅಂದರೆ ಮರಳು ಗಡಿಯಾರ, ಅನ್ನುವ ಧಾರಾವಾಹಿ ಬಂತು. ಸೇನಾ ಆಡಳಿತದ ವಿರುದ್ಧ ಎದ್ದ 1980ರ ಗ್ವಾಂಗ್‌ಜು ದಂಗೆಯ ಕಾಲದ ಕಥೆ. ಅದನ್ನು ನೋಡುವುದಕ್ಕೆ ಜನ ಬೇಗ ಬೇಗ ಮನೆ ಸೇರುತ್ತಿದ್ದರಂತೆ, ಅದಕ್ಕೇ ‘ಮನೆಗೆ ಹೋಗುವ ಗಡಿಯಾರ’ ಅಂತ ಅಡ್ಡಹೆಸರು ಬಿತ್ತು. ಅದರಲ್ಲಿ ಪೊಲೀಸರಿಂದ ತಪ್ಪಿಸಿಕೊಂಡಿರುವ ನಾಯಕಿ ಸಮುದ್ರದ ಪಕ್ಕದ ಒಂದು ಪುಟ್ಟ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾಳೆ. ರೈಲು ಬರುತ್ತದೆ, ಪೊಲೀಸರೂ ಬರುತ್ತಾರೆ. ಅವಳ ಪಕ್ಕದಲ್ಲಿದ್ದ ಬಾಗಿದ ಪೈನ್ ಮರಕ್ಕೆ ಜನ ಆ ನಟಿ ಕೊ ಹ್ಯುನ್-ಜೊಂಗ್ ಅವರ ಹೆಸರನ್ನೇ ಇಟ್ಟರು. ಜೊಂಗ್‌ಡೊಂಗ್‌ಜಿನ್ ಕಲ್ಲಿದ್ದಲಿನ ಊರು. ಗಣಿಗಳು ಮುಚ್ಚುತ್ತಾ ಬಂದಂತೆ ಅದೂ ಸೊರಗಿತ್ತು. ಧಾರಾವಾಹಿ ಬಂದ ಮೇಲೆ ಸೂರ್ಯೋದಯ ನೋಡುವುದಕ್ಕೆ ಅಂತಲೇ ಸೋಲ್‌ನಿಂದ ರಾತ್ರಿ ರೈಲುಗಳು ತುಂಬಿ ಬರತೊಡಗಿದವು. ಈಗ ಅಲ್ಲಿನ ಪಾರ್ಕಿನಲ್ಲಿ ದೊಡ್ಡದೊಂದು ಮರಳು ಗಡಿಯಾರವಿದೆ. ಅದರ ಮರಳು ಪೂರ್ತಿ ಇಳಿಯುವುದಕ್ಕೆ ಒಂದು ವರ್ಷ ಬೇಕು. ಹೊಸ ವರ್ಷದ ದಿನ ಅದನ್ನು ತಿರುಗಿಸುತ್ತಾರೆ.

ಹೊರದೇಶದವರನ್ನು ಮೊದಲು ದೊಡ್ಡ ಮಟ್ಟದಲ್ಲಿ ಎಳೆದು ತಂದದ್ದು 2002ರ ‘ವಿಂಟರ್ ಸೊನಾಟಾ’. ಜಪಾನಿನ ಎನ್‌ಎಚ್‌ಕೆ ಅದನ್ನು 2003ರಿಂದ ಪ್ರಸಾರ ಮಾಡಿತು. ಆಮೇಲೆ ಜಪಾನಿನ ನಡುವಯಸ್ಸಿನ ಹೆಂಗಸರು ತಂಡ ತಂಡವಾಗಿ ನಾಮಿ ದ್ವೀಪಕ್ಕೆ ಬಂದರು. ಸೋಲ್‌ನಿಂದ ಗಾಪ್ಯೊಂಗ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ, ಅಲ್ಲಿಂದ ದೋಣಿಯಲ್ಲಿ ಐದು ನಿಮಿಷ. 1944ರಲ್ಲಿ ಚೊಂಗ್‌ಪ್ಯೊಂಗ್ ಅಣೆಕಟ್ಟು ಕಟ್ಟಿ ಉತ್ತರ ಹಾನ್ ನದಿಯ ನೀರು ಏರಿದಾಗ ಇದು ದ್ವೀಪವಾಯಿತು. ನಾಯಕ ನಾಯಕಿ ನಡೆದಾಡಿದ ಮೆಟಾಸಿಕ್ವೊಯಾ ಮರಗಳ ಸಾಲು ಇನ್ನೂ ಇದೆ. ಜನವೂ ತುಂಬಾ ಇರುತ್ತಾರೆ, ಬೆಳಗಿನ ಮೊದಲ ದೋಣಿ ಹಿಡಿದರೆ ಒಳ್ಳೆಯದು.

ನನಗೆ ಜಾಸ್ತಿ ಇಷ್ಟವಾಗುವುದು ಪೂರ್ವ ಕರಾವಳಿಯ ಜುಮುನ್‌ಜಿನ್ ಹತ್ತಿರದ ತಡೆಗೋಡೆ. ಅಲೆ ಹೊಡೆತ ತಡೆಯಲಿ ಅಂತ ಸಮುದ್ರದೊಳಕ್ಕೆ ಚಾಚಿದ ಗಿಡ್ಡ ಕಾಂಕ್ರೀಟಿನ ಕಟ್ಟೆ ಅದು, ಅಷ್ಟೇ. ಕರಾವಳಿಯುದ್ದಕ್ಕೂ ಅಂಥವು ಎಷ್ಟೋ ಇವೆ. 2016ರ ಕೊನೆಗೆ ಬಂದ ‘ಗಾಬ್ಲಿನ್’ ಧಾರಾವಾಹಿಯಲ್ಲಿ ಕೆಂಪು ಸ್ಕಾರ್ಫ್ ಸುತ್ತಿಕೊಂಡ ಹುಡುಗಿ ಅಲ್ಲಿ ಒಬ್ಬಳೇ ಕೂತು ಹುಟ್ಟುಹಬ್ಬದ ಕೇಕಿನ ಮೇಲಿನ ಮೇಣದಬತ್ತಿ ಆರಿಸುತ್ತಾಳೆ. ತಿರುಗಿ ನೋಡಿದರೆ ಬಕ್‌ವೀಟ್ ಅನ್ನುವ ಧಾನ್ಯದ ಹೂವಿನ ಗೊಂಚಲು ಹಿಡಿದು ನಾಯಕ ನಿಂತಿರುತ್ತಾನೆ. ಈಗ ಆ ಕಟ್ಟೆಗೆ ಹೋದರೆ ಕೆಂಪು ಸ್ಕಾರ್ಫ್, ಕೊಡೆ, ಹೂಗೊಂಚಲು ಬಾಡಿಗೆಗೆ ಕೊಡುವವರು ಸಿಗುತ್ತಾರೆ. ಜನ ಸಾಲಾಗಿ ನಿಂತು, ಒಂದೊಂದೇ ಜೋಡಿ ಮುಂದೆ ಹೋಗಿ ಫೋಟೋ ತೆಗೆಸಿಕೊಳ್ಳುತ್ತದೆ. ಅಲೆ ಜೋರಿದ್ದ ದಿನ ಕಟ್ಟೆ ಒದ್ದೆ, ಕಾಲು ಜಾರುತ್ತದೆ. ಸ್ಕಾರ್ಫ್ ಗಾಳಿಗೆ ಹಾರುತ್ತದೆ. ಟಿವಿಯಲ್ಲಿ ಕಾಣದ ಚಳಿ, ಉಪ್ಪು, ಮೀನಿನ ವಾಸನೆ ಆಗ ಗೊತ್ತಾಗುತ್ತದೆ. ಪಕ್ಕದಲ್ಲೇ ಜುಮುನ್‌ಜಿನ್ ಮೀನು ಮಾರುಕಟ್ಟೆ ಇದೆ. ಫೋಟೋ ತೆಗೆದವರೆಲ್ಲ ಅಲ್ಲಿಗೂ ಹೋಗಬೇಕು. ಈ ಕರಾವಳಿ ಬದುಕಿರುವುದು ಅದರ ಮೇಲೆ.

ಆ ಹೂವು ಮಾತ್ರ ಅಲ್ಲಿಯದಲ್ಲ! ಧಾರಾವಾಹಿಯ ಬಕ್‌ವೀಟ್ ಹೊಲವಿರುವುದು ದೇಶದ ಇನ್ನೊಂದು ಮೂಲೆಯಲ್ಲಿ, ನೈಋತ್ಯದ ಗೊಚಾಂಗ್‌ನ ಹಾಗ್ವೊನ್ ತೋಟದಲ್ಲಿ. 2025ರಲ್ಲಿ ಬಂದ, ಜೆಜು ದ್ವೀಪದ ಕಥೆ ಹೇಳುವ ‘ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರೀನ್ಸ್’ನ ಹಳದಿ ಹೂವಿನ ಹೊಲವೂ ಅದೇ ತೋಟದ್ದು. ಆ ಕಥೆಯ ಹಳೆಯ ಜೆಜು ಹಳ್ಳಿಯ ಸೆಟ್ಟನ್ನು ಹಾಕಿದ್ದು ಸಮುದ್ರವೇ ಇಲ್ಲದ ಆಂಡೊಂಗ್ ಎಂಬ ಒಳನಾಡಿನ ಊರಿನಲ್ಲಿ. ಕಥೆಯ ನಕ್ಷೆ ಬೇರೆ, ನೆಲದ ನಕ್ಷೆ ಬೇರೆ. ಇದು ಮೋಸ ಅಂತ ಕೆಲವರಿಗೆ ಬೇಜಾರಾಗುತ್ತದೆ. ನನಗೆ ಹಾಗನಿಸುವುದಿಲ್ಲ. ಎರಡು ನಿಮಿಷದ ದೃಶ್ಯಕ್ಕೆ ಎಷ್ಟು ಊರುಗಳನ್ನು ಹೊಲಿದು ಸೇರಿಸಿದ್ದಾರೆ ಅನ್ನುವುದು ಕಣ್ಣಾರೆ ಗೊತ್ತಾಗುತ್ತದೆ. ಆ ಹೊಲಿಗೆ ಬಿಚ್ಚುತ್ತಾ ಹೋದವರಿಗೆ ಯಾವ ಪ್ಯಾಕೇಜ್ ಟೂರಿನಲ್ಲೂ ಇಲ್ಲದ ಗೊಚಾಂಗ್, ಆಂಡೊಂಗ್ ಸಿಗುತ್ತವೆ.

ಕಥೆ ನಿಜವನ್ನೇ ಬದಲಾಯಿಸಿದ ಒಂದು ಜಾಗವೂ ಇದೆ. 2022ರ ‘ಎಕ್ಸ್‌ಟ್ರಾರ್ಡಿನರಿ ಅಟಾರ್ನಿ ವೂ’ದಲ್ಲಿ ಒಂದು ಹಳ್ಳಿಯನ್ನು ಸೀಳಿಕೊಂಡು ರಸ್ತೆ ಬರುತ್ತದೆ. ಹಳ್ಳಿಯವರು ಕೋರ್ಟಿಗೆ ಹೋಗುತ್ತಾರೆ. ದಿಬ್ಬದ ಮೇಲಿನ ಒಂದು ದೊಡ್ಡ ಮರವನ್ನು ಸರ್ಕಾರ ನೈಸರ್ಗಿಕ ಸ್ಮಾರಕ ಅಂತ ಒಪ್ಪಿಕೊಳ್ಳುವ ಹಾದಿಯಲ್ಲಿ ಆ ಪ್ರಕರಣ ತಿರುಗುತ್ತದೆ. ಕೇಸು ಕಲ್ಪನೆ, ಮರ ನಿಜ. ಚಾಂಗ್ವೊನ್ ನಗರದ ಹೊರಗೆ, ನಾಕ್‌ಡೊಂಗ್ ನದಿಯ ಹತ್ತಿರದ ಡೊಂಗ್‌ಬು ಹಳ್ಳಿಯಲ್ಲಿ ಅದಿದೆ. ಪೆಂಗ್ ಅನ್ನುವ ಜಾತಿ, ವಯಸ್ಸು ಸುಮಾರು 500 ವರ್ಷ, ಎತ್ತರ 16 ಮೀಟರ್. ನಮ್ಮ ಊರುಬಾಗಿಲಿನ ಅಶ್ವತ್ಥಕಟ್ಟೆಯ ಹಾಗೆ ಊರು ಕಾಯುವ ಮರ ಅಂತ ನಂಬಿ ಅಲ್ಲಿಯವರು ಅದಕ್ಕೆ ಪೂಜೆ ಮಾಡುತ್ತಾ ಬಂದಿದ್ದಾರೆ. ಅಲ್ಲಿಯವರೆಗೆ ಅದಕ್ಕೆ ದೇಶದ ಮಟ್ಟದ ರಕ್ಷಣೆ ಇರಲಿಲ್ಲ. ಕಂತು ಪ್ರಸಾರವಾಗಿ ಕೆಲವೇ ತಿಂಗಳಲ್ಲಿ, 2022ರ ಅಕ್ಟೋಬರಿನಲ್ಲಿ, ಸರ್ಕಾರ ನಿಜವಾಗಿಯೂ ಅದನ್ನು ನೈಸರ್ಗಿಕ ಸ್ಮಾರಕ ಅಂತ ಘೋಷಿಸಿತು.

ಆ ಕೆಲವು ತಿಂಗಳಲ್ಲಿ ಮರ ಪಟ್ಟ ಪಾಡನ್ನೂ ಹೇಳಬೇಕು. ದಿಬ್ಬ ಹತ್ತಿ ಬಂದವರೆಲ್ಲ ಬುಡದಲ್ಲೇ ನಿಲ್ಲುತ್ತಿದ್ದರು. ಹಳೆಯ ಮರದ ಬೇರು ಉಸಿರಾಡುವುದು ಮೇಲ್ಪದರದ ಸಡಿಲ ಮಣ್ಣಿನಲ್ಲಿ. ಜನ ತುಳಿದು ತುಳಿದು ಆ ಮಣ್ಣು ಗಟ್ಟಿಯಾದರೆ ನೀರು ಇಳಿಯುವುದಿಲ್ಲ, ಗಾಳಿ ಆಡುವುದಿಲ್ಲ. ಹಳ್ಳಿಯ ಕಿರುದಾರಿಯಲ್ಲಿ ಕಾರುಗಳು ತುಂಬಿಕೊಂಡವು, ಕಸವೂ ಬಿತ್ತು. ಕಥೆಯಲ್ಲಿ ರಸ್ತೆಯಿಂದ ಉಳಿದ ಹಳ್ಳಿಗೆ ನಿಜದಲ್ಲಿ ಪ್ರೇಕ್ಷಕರಿಂದಲೇ ತೊಂದರೆ. ಮರದಿಂದ ಸ್ವಲ್ಪ ದೂರ ನಿಂತು ನೋಡಿ. ಹೇಗೂ ಅದರ ಆಕಾರ ಚೆನ್ನಾಗಿ ಕಾಣುವುದು ದೂರದಿಂದಲೇ.

ಪೊಹಾಂಗ್ ಅನ್ನುವ ಕರಾವಳಿ ನಗರದಲ್ಲಿ ಇನ್ನೊಂದು ಥರದ ಸಂಕಟ. 2021ರ ‘ಹೋಮ್‌ಟೌನ್ ಚಾ-ಚಾ-ಚಾ’ದ ಗೊಂಗ್‌ಜಿನ್ ಅನ್ನುವ ಊರು ಕಲ್ಪನೆಯದು. ಅದನ್ನು ಪೊಹಾಂಗ್‌ನ ಸುತ್ತಮುತ್ತ ಚಿತ್ರೀಕರಿಸಿದರು. ಚೊಂಗ್‌ಹಾ ಸಂತೆಬೀದಿಯಲ್ಲಿ ಧಾರಾವಾಹಿಯ ಬೋರ್ಡುಗಳನ್ನು ಹಾಗೇ ಉಳಿಸಿಕೊಂಡಿದ್ದಾರೆ. ನಾಯಕನ ದೋಣಿ ಗುಡ್ಡದ ಮೇಲೆ ನಿಂತಿದೆ. ಅವೆಲ್ಲ ಎಲ್ಲರೂ ಹೋಗಬಹುದಾದ ಜಾಗ. ನಾಯಕಿಯ ಮನೆ, ಅಜ್ಜಿಯ ಮನೆ ಹಾಗಲ್ಲ. ಅಲ್ಲಿ ಬೇರೆ ಯಾರೋ ಸಂಸಾರ ಮಾಡಿಕೊಂಡಿದ್ದಾರೆ. ಅಭಿಮಾನಿಗಳು ಅಂಗಳಕ್ಕೆ ನುಗ್ಗತೊಡಗಿದಾಗ, ದಯವಿಟ್ಟು ಮನೆಗಳಿಗೆ ಹೋಗಬೇಡಿ ಅಂತ ನಿರ್ಮಾಪಕರ ತಂಡವೇ ಪ್ರಕಟಣೆ ಕೊಡಬೇಕಾಯಿತು. ಕೊರಿಯಾದ ಆಚೆಗೂ ಇದೇ ಕಥೆ. ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’ದಲ್ಲಿ ನಾಯಕ ಪಿಯಾನೋ ನುಡಿಸಿದ ಕಟ್ಟೆ ಸ್ವಿಟ್ಜರ್ಲೆಂಡಿನ ಇಸೆಲ್ಟ್‌ವಾಲ್ಡ್ ಅನ್ನುವ ಹಳ್ಳಿಯದು. ನಾನೂರರ ಆಸುಪಾಸು ಜನರಿರುವ ಊರಿಗೆ ಬಸ್ಸುಗಟ್ಟಲೆ ಪ್ರವಾಸಿಗರು ಬಂದು ಇಳಿದರು. 2023ರಿಂದ ಆ ಕಟ್ಟೆಗೆ ಹೋಗಬೇಕಾದರೆ ಗೇಟಿನಲ್ಲಿ 5 ಫ್ರಾಂಕ್ ಕಟ್ಟಬೇಕು. ಊರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಧಾರಾವಾಹಿಯ ದುಡ್ಡು ನಿರ್ಮಾಪಕರಿಗೆ, ಕಸ ಗುಡಿಸುವುದು ಹಳ್ಳಿಯವರು ಅಂದರೆ ಹೇಗೆ?

ನಮ್ಮಲ್ಲೂ ಇದಕ್ಕೆ ಒಂದು ಗಟ್ಟಿ ಉದಾಹರಣೆ ಇದೆ ಅಲ್ವಾ. ಶಂಕರ್ ನಾಗ್ 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ತೆಗೆದದ್ದು ಆಗುಂಬೆಯಲ್ಲಿ. ಎಷ್ಟೋ ಜನ ಇವತ್ತಿಗೂ ಆ ಬೀದಿ ನೋಡುವುದಕ್ಕೆ ಅಂತಲೇ ಘಟ್ಟ ಹತ್ತುತ್ತಾರೆ. ಅಲ್ಲಿಯ ದೊಡ್ಡಮನೆಯನ್ನೂ ನೋಡಿ ಬರುತ್ತಾರೆ. ಮಾಲ್ಗುಡಿಯ ರೈಲ್ವೆ ಸ್ಟೇಷನ್ ಆಗಿದ್ದು ಮಾತ್ರ ಆಗುಂಬೆಯಲ್ಲ, ಅಲ್ಲಿಗೆ ರೈಲೇ ಇಲ್ಲ. ಅದು ಶಿವಮೊಗ್ಗ-ತಾಳಗುಪ್ಪ ಮಾರ್ಗದ ಅರಸಾಳು ಸ್ಟೇಷನ್. ಅಲ್ಲಿಯ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ ರೈಲ್ವೆಯವರು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ತೆರೆದರು. ಪಕ್ಕದಲ್ಲಿ ಹಳೆಯ ರೈಲು ಬೋಗಿಯಲ್ಲಿ ಚಹಾದ ಅಂಗಡಿ ಮಾಡಿದ್ದಾರೆ. ಮೂವತ್ತಕ್ಕೂ ಜಾಸ್ತಿ ವರ್ಷ ಕಾದ ಮೇಲೆ ಆದ ಕೆಲಸ. ಕೊರಿಯಾದ ಊರುಗಳು ಇದನ್ನು ಮಾಡುವುದು ಕಥೆಯಿನ್ನೂ ಜನರ ಬಾಯಲ್ಲಿರುವಾಗಲೇ. ತೆಬೆಕ್ ಅನ್ನುವ ಗಣಿ ಊರಿನಲ್ಲಿ ‘ಡಿಸೆಂಡೆಂಟ್ಸ್ ಆಫ್ ದಿ ಸನ್’ ಸೆಟ್ಟನ್ನು ಶೂಟಿಂಗ್ ಮುಗಿದ ಕೂಡಲೇ ಕೆಡವಿದ್ದರು. 2016ರಲ್ಲಿ ಧಾರಾವಾಹಿ ಗೆದ್ದಿತು, ಅದೇ ವರ್ಷ ಸೆಟ್ಟನ್ನು ಮತ್ತೆ ಕಟ್ಟಿದರು. ಹಾಗಂತ ಕಟ್ಟಿದ್ದೆಲ್ಲ ಉಳಿಯುತ್ತದೆ ಅಂತೇನಿಲ್ಲ. ಕಥೆ ಮರೆತ ಮೇಲೆ ಬಣ್ಣ ಉದುರಿ ಪಾಳುಬಿದ್ದ ಸೆಟ್ಟುಗಳೂ ಅಲ್ಲಿ ಬೇಕಾದಷ್ಟಿವೆ. ಬಾಳಿಕೆ ಬರುವುದು ಊರಿನ ಬದುಕಿಗೆ ಮೊದಲೇ ಸೇರಿದ್ದ ಜಾಗ: ಸಂತೆ, ಸ್ಟೇಷನ್, ಮರ.

ಹೋಗುವವರಿಗೆ ಒಂದೆರಡು ಮಾತು. ಕೊರಿಯಾದಲ್ಲಿ ಗೂಗಲ್ ಮ್ಯಾಪ್ ನಂಬಿಕೊಂಡರೆ ದಾರಿ ಸರಿಯಾಗಿ ಸಿಗುವುದಿಲ್ಲ, ಕೊರಿಯಾದ್ದೇ ಆದ ನೇವರ್ ಮ್ಯಾಪ್ ಹಾಕಿಕೊಳ್ಳಿ. ಧಾರಾವಾಹಿಯ ಕೊರಿಯನ್ ಹೆಸರಿನ ಮುಂದೆ ಚ್ವಾರ್ಯೊಂಗ್ಜಿ ಅಂತ ಕೊರಿಯನ್ ಲಿಪಿಯಲ್ಲೇ ಹಾಕಿ ಹುಡುಕಿದರೆ ಇಂಗ್ಲಿಷಿನಲ್ಲಿ ಸಿಗದ ಜಾಗಗಳೂ ಬರುತ್ತವೆ. ಜುಮುನ್‌ಜಿನ್, ಜೊಂಗ್‌ಡೊಂಗ್‌ಜಿನ್ ಎರಡೂ ಗಾಂಗ್ನುಂಗ್ ನಗರಕ್ಕೆ ಸೇರಿದವು. ಸೋಲ್‌ನಿಂದ ಗಾಂಗ್ನುಂಗ್‌ಗೆ 2017ರಲ್ಲಿ ಶುರುವಾದ ಕೆಟಿಎಕ್ಸ್ ಅನ್ನುವ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆ. ಒಂದು ರಾತ್ರಿ ಉಳಿದರೆ ಎರಡನ್ನೂ ನಿಧಾನವಾಗಿ ನೋಡಬಹುದು. ತಿಂಗಳು ನೋಡಿಕೊಂಡು ಹೋಗಿ. ಗೊಚಾಂಗ್‌ನ ಬಕ್‌ವೀಟ್ ಅರಳುವುದು ಸೆಪ್ಟೆಂಬರಿನಲ್ಲಿ, ಹಳದಿ ಹೂವು ಏಪ್ರಿಲ್ ಹೊತ್ತಿಗೆ. ಬೇರೆ ತಿಂಗಳಲ್ಲಿ ಹೋದರೆ ಟಿವಿಯಲ್ಲಿ ನೋಡಿದ ಆ ಹೂವುಗಳು ಸಿಗುವುದಿಲ್ಲ.