ಕ್ಯಾಮೆರಾ ಎಲ್ಲವನ್ನೂ ಬರೆದಿಡಲಿ, ಫೋನು ಮಾತ್ರ ಸುಮ್ನೆ ಹೊಡೆದುಕೊಳ್ಳದಿರಲಿ

ಕೊಯ್ಲು ಶುರುವಾಗಿ ಕಣದಲ್ಲಿ ಕಾಫಿ ಹರಡಿದ ಮೇಲೆ ನನಗೆ ಬರುವ ಫೋನುಗಳು ಹೆಚ್ಚುಕಮ್ಮಿ ಒಂದೇ ಥರ. 'ಕ್ಯಾಮೆರಾ ಹಾಕ್ಸಿದ್ದೀವಿ ಸಾರ್, ಆದ್ರೆ ರಾತ್ರಿಯಿಡೀ ಮೊಬೈಲ್ ಟಣ್ ಟಣ್ ಅಂತದೆ. ನಿದ್ದೆ ಇಲ್ಲ. ಕೊನೆಗೆ ಅಲರ್ಟ್ ಆಫ್ ಮಾಡಿಬಿಟ್ಟೆ.' ಆಫ್ ಮಾಡಿದ ಮೇಲೆ ಕಳ್ಳತನ ಗೊತ್ತಾಗುವುದು ಬೆಳಿಗ್ಗೆ ಚೀಲ ಎಣಿಸುವಾಗಲೇ. ಯಾರು ಹೊತ್ತರು ಅಂತ ನೋಡಬಹುದು, ತಡೆಯಲು ಆಗುವುದಿಲ್ಲ. ಕಾಫಿ, ಮೆಣಸಿಗೆ ಈಗಿರುವ ರೇಟಿನಲ್ಲಿ ಅದು ಸಣ್ಣ ಮಾತಲ್ಲ.

ರೆಕಾರ್ಡಿಂಗ್ ಬೇರೆ, ಅಲರ್ಟ್ ಬೇರೆ. ಕ್ಯಾಮೆರಾಗಳ ವಿಡಿಯೋ ಉಳಿಸಿಡುವ ಪೆಟ್ಟಿಗೆಯಾದ ಎನ್‌ವಿಆರ್‌ನಲ್ಲಿ ಎರಡಕ್ಕೂ ಪ್ರತ್ಯೇಕ ವೇಳಾಪಟ್ಟಿ ಇರುತ್ತದೆ. ಹಾಕಿಕೊಟ್ಟವರು ಬಹಳ ಸಲ ಎರಡನ್ನೂ 24 ಗಂಟೆಗೆ ಬಿಟ್ಟು, ಪಾಸ್‌ವರ್ಡ್ ಚೀಟಿ ಕೊಟ್ಟು ಹೋಗಿರುತ್ತಾರೆ. ನನ್ನ ಪ್ರಕಾರ ರೆಕಾರ್ಡಿಂಗ್‌ನಲ್ಲಿ ಧಾರಾಳ ಇರಬೇಕು, ಅಲರ್ಟ್‌ನಲ್ಲಿ ಜಿಪುಣತನ.

ಮೊದಲು ರೆಕಾರ್ಡಿಂಗ್. ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡಿದರೆ ಡಿಸ್ಕ್ ಉಳಿಯುತ್ತದೆ, ನಿಜ. ಆದರೆ ನಮ್ಮ ಮಲೆನಾಡಿನ ಮಂಜಿನಲ್ಲಿ ಕ್ಯಾಮೆರಾಗೆ ದೂರದ ಚಲನೆ ಕಾಣದೇ ಹೋಗಬಹುದು. ಆಗ ರೆಕಾರ್ಡೂ ಇಲ್ಲ. ಆದ್ದರಿಂದ ಕಣ, ಗೋಡೌನ್, ಗೇಟು, ಈ ಮೂರು ಕಡೆ ಕೊಯ್ಲು ಮುಗಿಯುವ ತನಕ ಹಗಲು ರಾತ್ರಿ ನಿರಂತರ ರೆಕಾರ್ಡಿಂಗ್ ಇಡಿ. ಉಳಿದ ಕಡೆ ಚಲನೆಗೆ ಮಾತ್ರ ಸಾಕು. ಅಲ್ಲಿ ಮುಂಚಿನ 5 ಸೆಕೆಂಡು, ನಂತರದ 30 ಸೆಕೆಂಡು ಸೇರಿಸಿ, ಇಲ್ಲದಿದ್ದರೆ ಮನುಷ್ಯನ ಬೆನ್ನು ಮಾತ್ರ ಸಿಗುತ್ತದೆ.

ಡಿಸ್ಕ್ ಎಷ್ಟು ಬೇಕು ಅನ್ನುವುದಕ್ಕೆ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಸೆಕೆಂಡಿಗೆ 1 ಮೆಗಾಬಿಟ್ ಹರಿದರೆ ದಿನಕ್ಕೆ 10.8 ಜಿಬಿ ಆಗುತ್ತದೆ. 4 ಮೆಗಾಪಿಕ್ಸೆಲ್ ಕ್ಯಾಮೆರಾಗೆ ಎಚ್.265 ಎಂಬ ವಿಡಿಯೋ ಕುಗ್ಗಿಸುವ ವಿಧಾನದಲ್ಲಿ 2 ಮೆಗಾಬಿಟ್ ಇಟ್ಟರೆ ದಿನಕ್ಕೆ ಸುಮಾರು 22 ಜಿಬಿ. ಇಂಥ 8 ಕ್ಯಾಮೆರಾ ನಿರಂತರ ಓಡಿದರೆ 173 ಜಿಬಿ. ಅಂದರೆ 4 ಟಿಬಿ ಡಿಸ್ಕಿನಲ್ಲಿ 23 ದಿನ ನಿಲ್ಲುತ್ತದೆ. ಆಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಡಿಸ್ಕ್ ಮಾತ್ರ ಸಿಸಿಟಿವಿಗೆಂದೇ ಮಾಡಿದ್ದನ್ನು ಹಾಕಿ. ಹಳೆ ಕಂಪ್ಯೂಟರಿನದನ್ನು ಕಿತ್ತು ಹಾಕುವವರಿದ್ದಾರೆ, ಅದು ಬಹಳ ದಿನ ಬಾಳುವುದಿಲ್ಲ.

ಈಗ ಅಲರ್ಟ್. ರಾತ್ರಿ ಫೋನು ಹೊಡೆದುಕೊಳ್ಳುವುದು ಯಾಕೆ? ಸಾದಾ ಮೋಷನ್ ಡಿಟೆಕ್ಷನ್ ನೋಡುವುದು ಚಿತ್ರದ ಚುಕ್ಕಿಗಳು ಬದಲಾದವೇ ಅಂತ ಅಷ್ಟೇ. ಕಾಫಿಗೆ ಮುಚ್ಚಿದ ಟಾರ್ಪಾಲು ಗಾಳಿಗೆ ಪಟಪಟ ಅಂದರೂ ಅದಕ್ಕೆ ಕಳ್ಳನೇ. ಸಿಲ್ವರ್ ಓಕಿನ ನೆರಳು, ಬೆಚ್ಚಗಿದೆ ಅಂತ ಕಣದಲ್ಲಿ ಬಂದು ಮಲಗುವ ನಾಯಿ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಜೇಡ. ಕ್ಯಾಮೆರಾದ ಇನ್‌ಫ್ರಾರೆಡ್ ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ. ಲೆನ್ಸ್ ಮುಂದೆ ಬಲೆಯ ಒಂದೇ ಎಳೆ ಇದ್ದರೂ ರಾತ್ರಿ ಅದು ಹಗ್ಗದಷ್ಟು ದಪ್ಪಕ್ಕೆ, ಬೆಳ್ಳಗೆ ತೂಗಾಡುತ್ತದೆ. ವಾರಕ್ಕೊಮ್ಮೆ ಉದ್ದ ಕೋಲಿಗೆ ಪೊರಕೆ ಕಟ್ಟಿ ಬಲೆ ತೆಗೆಸಿ. ಇನ್ನೂ ಒಳ್ಳೆಯದು, ಕ್ಯಾಮೆರಾದ ದೀಪ ಆರಿಸಿ ನಾಲ್ಕು ಅಡಿ ಆಚೆ ಬೇರೆ ಇನ್‌ಫ್ರಾರೆಡ್ ದೀಪ ಹಾಕಿಸಿ. ಹುಳ ಅಲ್ಲಿಗೆ ಹೋಗುತ್ತದೆ. ಮಂಜಿನ ರಾತ್ರಿ ಚಿತ್ರ ಹಾಲು ಚೆಲ್ಲಿದ ಹಾಗೆ ಆಗುವುದೂ ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ.

ಸೆಟ್ಟಿಂಗ್‌ನಲ್ಲಿ ಮಾಡಬೇಕಾದ್ದು: ಅಲರ್ಟನ್ನು ಮೋಷನ್‌ನಿಂದ ಬಿಡಿಸಿ, ಪರದೆಯ ಚಿತ್ರದ ಮೇಲೆ ಎಳೆಯುವ ಗೆರೆಯ ದಾಟುವಿಕೆಗೆ ಜೋಡಿಸಿ. ಕಣದ ಒಳಗಲ್ಲ, ಕಣಕ್ಕೆ ಬರುವ ದಾರಿಗೆ ಅಡ್ಡಲಾಗಿ ಗೆರೆ ಎಳೆಯಿರಿ. ಮನುಷ್ಯ, ವಾಹನ ಎಂಬ ಫಿಲ್ಟರ್ ಇದ್ದರೆ ಟಿಕ್ ಮಾಡಿ. ಟಾರ್ಪಾಲು, ನಾಯಿ ಕಾಟ ಅಲ್ಲಿಗೆ ಬಹುಪಾಲು ಮುಗಿಯುತ್ತದೆ.

ಆದರೆ ಮೂಡಿಗೆರೆ, ಸಕಲೇಶಪುರ, ಆಲೂರು ಕಡೆಯವರು ಇಲ್ಲೊಂದು ವಿಷಯ ಗಮನಿಸಬೇಕು. ಆ ಫಿಲ್ಟರ್ ಹಾಕಿದರೆ ಆನೆ ಬಂದರೂ ಅಲರ್ಟ್ ಬರದೇ ಇರಬಹುದು! ಆನೆ ಮನುಷ್ಯನೂ ಅಲ್ಲ, ವಾಹನವೂ ಅಲ್ವಲ್ಲ. ಆನೆ ಬರುವ ದಿಕ್ಕಿನ ಕ್ಯಾಮೆರಾಗೆ ಫಿಲ್ಟರ್ ಇಲ್ಲದ ಇನ್ನೊಂದು ಗೆರೆ ಹಾಕಿ. ಗುರುತಿಸುವ ವಸ್ತುವಿನ ಕನಿಷ್ಠ ಗಾತ್ರವನ್ನು ದೊಡ್ಡದಾಗಿ ಕೊಡಿ, ಆಗ ನಾಯಿ, ಮುಳ್ಳುಹಂದಿಗೆಲ್ಲ ಫೋನು ಕೂಗುವುದಿಲ್ಲ. ಇದಕ್ಕೆ ಸೈರನ್ ಮಾತ್ರ ಜೋಡಿಸಬೇಡಿ. ಬೆದರಿದ ಆನೆ ಕೂಲಿಯವರ ಲೈನ್ ಮನೆ ಕಡೆ ನುಗ್ಗಿದರೆ ಯಾರು ಹೊಣೆ?

ಅಲರ್ಟ್ ವೇಳಾಪಟ್ಟಿಯಲ್ಲಿ ಹೆಚ್ಚಿನವರು ಎಡವುವುದು ಮಧ್ಯರಾತ್ರಿಯಲ್ಲಿ. ಸಂಜೆ 6ರಿಂದ ಬೆಳಿಗ್ಗೆ 6 ಅಂತ ಒಂದೇ ಪಟ್ಟಿಯಾಗಿ ಕೊಟ್ಟರೆ ಬಹಳಷ್ಟು ಎನ್‌ವಿಆರ್‌ಗಳು ಒಪ್ಪುವುದಿಲ್ಲ. ಅವುಗಳ ದಿನ 00:00ಕ್ಕೆ ಶುರು, 24:00ಕ್ಕೆ ಮುಗಿಯಿತು. ಹಾಗಾಗಿ 00:00ರಿಂದ 06:00 ಒಂದು ತುಂಡು, 18:00ರಿಂದ 24:00 ಇನ್ನೊಂದು ತುಂಡು. ಆಮೇಲೆ ಅದನ್ನು ಏಳೂ ದಿನಕ್ಕೆ ಕಾಪಿ ಮಾಡಬೇಕು. ಸೋಮವಾರಕ್ಕೆ ಮಾತ್ರ ಹಾಕಿ ಸೇವ್ ಒತ್ತಿದ್ದನ್ನು ಎಷ್ಟೋ ಎಸ್ಟೇಟಿನಲ್ಲಿ ನೋಡಿದ್ದೇನೆ. ನಿಮ್ಮೂರಿನ ಸಂತೆ ದಿನಕ್ಕೆ ಮಧ್ಯಾಹ್ನವನ್ನೂ ಸೇರಿಸಿ. ಲೈನಿನವರೆಲ್ಲ ಸಂತೆಗೆ ಹೋಗಿ ತೋಟ ಖಾಲಿ ಇರುವುದು ನಿಮಗಿಂತ ಚೆನ್ನಾಗಿ ಗೊತ್ತಿರುವವರು ಇರುತ್ತಾರೆ.

ಎನ್‌ವಿಆರ್‌ನ ಗಡಿಯಾರವೂ ಸರಿಯಿರಬೇಕು. ಒಳಗಿನ ಪುಟ್ಟ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ, ಗಂಟೆಯೂ ತಪ್ಪುತ್ತದೆ. ಆಗ ರಾತ್ರಿಯ ಅಲರ್ಟು ಹಗಲು ಬರುತ್ತದೆ, ರಾತ್ರಿ ಮೌನ. ಇಂಟರ್ನೆಟ್‌ನಿಂದ ಸಮಯ ಸರಿಮಾಡಿಕೊಳ್ಳುವ ಎನ್‌ಟಿಪಿ ಆನ್ ಮಾಡಿ, ಟೈಮ್ ಝೋನ್ +5:30 ಕೊಡಿ.

ಅಲರ್ಟ್ ಯಾರಿಗೆ ಹೋಗಬೇಕು? ಸಾಹುಕಾರರು ಬೆಂಗಳೂರಿನಲ್ಲಿದ್ದರೆ ಅವರ ಫೋನಿಗೆ ಮಾತ್ರ ಬಂದು ಏನು ಪ್ರಯೋಜನ? ತೋಟದ ಕೆಲಸ ನೋಡಿಕೊಳ್ಳುವ ರೈಟರ ಫೋನಿಗೂ ಬರಬೇಕು. ಆ ಫೋನಿನಲ್ಲಿ ಆ್ಯಪ್‌ನ ಬ್ಯಾಟರಿ ಉಳಿತಾಯ ತೆಗೆದು, ನೋಟಿಫಿಕೇಶನ್‌ಗೆ ಬೇರೆ ರಿಂಗ್‌ಟೋನ್ ಕೊಡಿ. ಎನ್‌ವಿಆರ್ ಹಿಂದೆ ಅಲಾರಂ ಔಟ್ ಎಂಬ ತಂತಿ ಜೋಡಿಸುವ ಜಾಗ ಇದ್ದರೆ, ರಿಲೇ (ಸಂಕೇತ ಬಂದಾಗ ತಾನೇ ಸ್ವಿಚ್ ಹಾಕುವ ಸಾಧನ) ಮೂಲಕ ಗೋಡೌನ್ ಮುಂದಿನ ಫ್ಲಡ್ ಲೈಟಿಗೆ ಜೋಡಿಸಿ. ಕಳ್ಳನಿಗೆ ಬೆಳಕಿಗಿಂತ ದೊಡ್ಡ ಅಲರ್ಟ್ ಇಲ್ಲ. ಇಮೇಲ್ ಇಡುವವರು ಜಿಮೇಲ್‌ನ ಮಾಮೂಲಿ ಪಾಸ್‌ವರ್ಡ್ ಕೊಟ್ಟು ಪರದಾಡುತ್ತಾರೆ. 2022ರ ಮೇ ಕೊನೆಯಿಂದ ಗೂಗಲ್ ಅದನ್ನು ನಿಲ್ಲಿಸಿದೆ. ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆದು ಅದನ್ನೇ ಕೊಡಬೇಕು.

ಎಲ್ಲರೂ ಮರೆಯುವ ಇನ್ನೊಂದು ಬಗೆಯ ಅಲರ್ಟ್ ಇದೆ: ಯಂತ್ರವೇ ಕೈಕೊಟ್ಟಾಗ ಬರುವುದು. ಡಿಸ್ಕ್ ಎರರ್, ವಿಡಿಯೋ ಲಾಸ್ (ಕ್ಯಾಮೆರಾದ ಚಿತ್ರ ಬರದಿರುವುದು), ನೆಟ್‌ವರ್ಕ್ ಕಡಿತ, ಈ ಮೂರನ್ನೂ ಆನ್ ಮಾಡಿ. ಆಲ್ದೂರು ಕಡೆಯ ಒಂದು ತೋಟದಲ್ಲಿ ಪರದೆ ಮೇಲೆ ಎಲ್ಲಾ ಕ್ಯಾಮೆರಾ ಚೆನ್ನಾಗಿ ಓಡುತ್ತಿತ್ತು. ಡಿಸ್ಕ್ ಮಾತ್ರ ಯಾವತ್ತೋ ಹೋಗಿತ್ತು. ಲೈವ್ ಕಾಣುತ್ತಿದೆ ಅಂದರೆ ರೆಕಾರ್ಡ್ ಆಗುತ್ತಿದೆ ಅಂತಲ್ಲ. ಯುಪಿಎಸ್‌ಗೆ ಎನ್‌ವಿಆರ್ ಜೊತೆ ಒಂದೇ ಕೇಬಲ್ಲಿನಲ್ಲಿ ಕ್ಯಾಮೆರಾಗೆ ಕರೆಂಟ್, ನೆಟ್‌ವರ್ಕ್ ಎರಡನ್ನೂ ಕೊಡುವ ಪಿಒಇ ಸ್ವಿಚ್ಚು, ಫೈಬರ್ ಮೋಡೆಮ್ಮು, ರೂಟರನ್ನೂ ಜೋಡಿಸಿ. ರೂಟರ್ ಸತ್ತರೆ ಅಲರ್ಟ್ ತೋಟದಿಂದ ಆಚೆ ಹೋಗುವುದೇ ಇಲ್ಲ.

ಎಲ್ಲಾ ಮುಗಿದ ಮೇಲೆ ಕತ್ತಲಾದಾಗ ರೈಟರನ್ನು ಚೀಲ ಹೊತ್ತು, ಬಗ್ಗಿ, ನಿಧಾನಕ್ಕೆ ಗೆರೆ ದಾಟಿಸಿ ನೋಡಿ. ಹಗಲಿನ ಪರೀಕ್ಷೆಗೆ ಬೆಲೆಯಿಲ್ಲ.

ಅಕಸ್ಮಾತ್ ಕಳ್ಳತನ ಆಗೇ ಹೋದರೆ, ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಸುಮ್ಮನಾಗಬೇಡಿ. ಆ ಹೊತ್ತಿನ ತುಣುಕನ್ನು ಮೊದಲು ಲಾಕ್ ಮಾಡಿ, ಅದರ ಮೇಲೆ ಹೊಸದು ಬರೆಯದ ಹಾಗೆ. ಆಮೇಲೆ ಎನ್‌ವಿಆರ್‌ನಿಂದಲೇ ಪೆನ್‌ಡ್ರೈವಿಗೆ ಎಕ್ಸ್‌ಪೋರ್ಟ್ ಮಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ಕಾಪಿಯ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ ಬೆರಳಚ್ಚಿನಂತಿರುವ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಎಕ್ಸ್‌ಪೋರ್ಟ್ ಮಾಡಿದ ಫೈಲನ್ನು ತೆರೆದು ಕತ್ತರಿಸಿದರೆ, ಹೆಸರಿಗೆ ಅದೇ ವಿಡಿಯೋ ಆದರೂ ಆ ಸಂಖ್ಯೆ ಬದಲಾಗಿಬಿಡುತ್ತದೆ.